ಭಾಷೆಯೊಡನೆ ಎಚ್ಚರುವ ಗಣಕಯಂತ್ರದ ಪೂರ್ವೋತ್ತರ

೧

ಗಣಕಯಂತ್ರಗಳ ಚರಿತ್ರೆಯನ್ನು ಬರೆಯುವವರು ಅವುಗಳ ವೇಗವನ್ನೂ ಸ್ಮೃತಿಯ ವಿಸ್ತಾರವನ್ನೂ ಬೆಲೆಯನ್ನೂ ಪ್ರಮಾಣವಾಗಿಟ್ಟುಕೊಂಡು ಕಾಲವಿಭಾಗ ಮಾಡುವುದು ವಾಡಿಕೆ. ಈ ಪ್ರಮಾಣಗಳು ನಿಷ್ಪ್ರಯೋಜಕವಾದುವಲ್ಲ. ಆದರೆ ಇವುಗಳಿಂದ ಹೊರಪಡದ ಸಂಗತಿಯೊಂದುಂಟು. ವಿದ್ಯುತ್ತಿನ ಗುಂಡಿಯನ್ನೊತ್ತಿದ ಕೂಡಲೆ ಯಂತ್ರವು ತನ್ನೆದುರು ಕುಳಿತವನಿಗೆ ಮೊಟ್ಟಮೊದಲು ಏನನ್ನು ತೋರಿಸುತ್ತದೆ ಎಂಬುದೇ ಅದು. ಇಂದಿನ ಯಂತ್ರಗಳು ಬಹುಮಟ್ಟಿಗೆ ಚಿತ್ರಗಳ ಸಾಲನ್ನು ತೋರಿಸಿ, ಬೇರೆಯವರು ಸಿದ್ಧಮಾಡಿಟ್ಟುದರಲ್ಲಿ ಒಂದನ್ನು ಆರಿಸಿಕೊಳ್ಳುವಂತೆ ಸೂಚಿಸುತ್ತವೆ. ೧೯೭೭ರಿಂದ ಮುಂದೆ ಸುಮಾರು ಹತ್ತು ವರ್ಷಗಳ ಕಾಲ ಮನೆಗಳಿಗೂ ಶಾಲೆಗಳಿಗೂ ಬಂದ ಯಂತ್ರಗಳಲ್ಲಿ ಹಲವು ಹೀಗಿರಲಿಲ್ಲ. ಅವು ಬರಿದಾದ ತೆರೆಯ ಮೇಲೆ ‘ಸಿದ್ಧ’ ಎಂಬರ್ಥದ ಒಂದು ಮಾತನ್ನೋ ಒಂದು ಗುರುತನ್ನೋ ಮುಂದಿಟ್ಟು, ಬರೆಯುವವನಿಗಾಗಿ ಕಾದಿರುತ್ತಿದ್ದವು. ಅಲ್ಲಿ ಬರೆಯತಕ್ಕ ಭಾಷೆ ಸಾಮಾನ್ಯವಾಗಿ ಬೇಸಿಕ್ ಎಂಬುದು. ಬರೆಯತಕ್ಕ ವಸ್ತು, ಪ್ರೋಗ್ರಾಂ ಎಂದು ರೂಢಿಯಲ್ಲಿರುವ ಕ್ರಮವಿಧಿ.

ಈ ಪದ್ಧತಿಯು ಲೋಪವಾಗಿ ಬಹುಕಾಲವಾದ ಮೇಲೆ, ಹವ್ಯಾಸಿಗಳು ಅದೇ ಬಗೆಯ ಯಂತ್ರಗಳನ್ನು ತಮ್ಮ ಕೈಯಿಂದ ಮತ್ತೆ ಕಟ್ಟುತ್ತಿದ್ದಾರೆ. ಇದು ಹಳತರ ಮೇಲಣ ವ್ಯಾಮೋಹವಲ್ಲದೆ ಬೇರೇನೂ ಅಲ್ಲವೆಂದು ತಳ್ಳಿಹಾಕುವವರುಂಟು. ಆ ಅಭಿಪ್ರಾಯವು ಎಷ್ಟರ ಮಟ್ಟಿಗೆ ಸಾಧುವೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಅದಕ್ಕೆ ಮೊದಲು ಈ ಪದ್ಧತಿಯು ಯಾವ ಕಾರಣದಿಂದ ಹುಟ್ಟಿತು, ಯಾವ ಕಾರಣದಿಂದ ಅಳಿಯಿತು ಎಂಬುದನ್ನು ನಿರ್ಧರಿಸಿಕೊಳ್ಳಬೇಕು.

೨

ಮೂಲವನ್ನು ಹುಡುಕುತ್ತ ಹೋದರೆ ಅಮೆರಿಕಾ ದೇಶದ ಡಾರ್ಟ್‌ಮತ್ ಕಾಲೇಜಿಗೆ ಬಂದು ನಿಲ್ಲುತ್ತೇವೆ. ಅಲ್ಲಿ ಗಣಿತಾಧ್ಯಾಪಕರಾಗಿದ್ದ ಜಾನ್ ಕೆಮೆನಿ, ತಾಮಸ್ ಕರ್ಟ್ಸ್ ಎಂಬಿಬ್ಬರು, ವಿಜ್ಞಾನವನ್ನು ಓದದ ವಿದ್ಯಾರ್ಥಿಗಳಿಗೂ ಗಣಕಯಂತ್ರದ ಬಳಕೆ ತಿಳಿದಿರಬೇಕೆಂದು ಸಂಕಲ್ಪಿಸಿದರು. ಆಗಿನ ರೂಢಿಯಂತೆ ವಿದ್ಯಾರ್ಥಿಯು ತನ್ನ ಕ್ರಮವಿಧಿಯನ್ನು ರಂಧ್ರಪತ್ರಗಳ ಕಟ್ಟಾಗಿ ಯಂತ್ರಶಾಲೆಗೆ ಒಪ್ಪಿಸಿ, ಫಲಕ್ಕಾಗಿ ಗಂಟೆಗಟ್ಟಲೆ ಕಾಯಬೇಕಾಗಿತ್ತು. ಒಂದು ಅಲ್ಪವಿರಾಮ ತಪ್ಪಿದರೂ ಮತ್ತೆ ಮೊದಲಿನಿಂದ ಆರಂಭಿಸಬೇಕು. ಕೆಮೆನಿ ಕರ್ಟ್ಸರು ಒಂದೇ ಯಂತ್ರದ ಕಾಲವನ್ನು ಅನೇಕರಿಗೆ ಹಂಚಿಕೊಡುವ ವ್ಯವಸ್ಥೆಯನ್ನೂ, ಹೊಸಬರಿಗೆ ಸುಲಭವಾಗುವ ಬೇಸಿಕ್ ಭಾಷೆಯನ್ನೂ ಒಟ್ಟಿಗೆ ಕಲ್ಪಿಸಿದರು. ೧೯೬೪ನೆಯ ಮೇ ೧ರ ಬೆಳಗಿನ ಜಾವದಲ್ಲಿ ಈ ಭಾಷೆಯ ಮೊದಲ ಕ್ರಮವಿಧಿಗಳು ನಡೆದುವು. ಆ ವ್ಯವಸ್ಥೆಯ ಬಹುಭಾಗವನ್ನು ಬರೆದು ಮುಗಿಸಿದವರು ವಿದ್ಯಾರ್ಥಿಗಳೇ.

ಬೇಸಿಕ್ಕಿನಲ್ಲಿ ಗಮನಿಸತಕ್ಕ ವಿಷಯವೊಂದಿದೆ. ಸಾಲಿನ ಮೊದಲು ಸಂಖ್ಯೆಯಿದ್ದರೆ ಯಂತ್ರವು ಆ ಸಾಲನ್ನು ಕ್ರಮವಿಧಿಯ ಅಂಗವೆಂದು ತೆಗೆದಿಟ್ಟುಕೊಳ್ಳುತ್ತದೆ. ಸಂಖ್ಯೆಯಿಲ್ಲದಿದ್ದರೆ ಅದನ್ನು ಆಜ್ಞೆಯೆಂದು ತಿಳಿದು ಆಗಲೇ ನೆರವೇರಿಸುತ್ತದೆ. ಮುಂದೆ ಬಂದ ಸಣ್ಣ ಯಂತ್ರಗಳಲ್ಲಿ ಈ ನಿಯಮವು ಇನ್ನೂ ವಿಸ್ತಾರವಾಯಿತು. ಅಲ್ಲಿ ‘ಪ್ರಿಂಟ್ ೨+೨’ ಎಂದು ಬರೆದು ಗುಂಡಿಯನ್ನೊತ್ತಿದರೆ ೪ ಎಂಬ ಉತ್ತರ ಮರುಕ್ಷಣವೇ ಬರುತ್ತಿತ್ತು. ಅದೇ ಮಾತಿನ ಹಿಂದೆ ೧೦ ಎಂಬ ಅಂಕೆಯನ್ನು ಸೇರಿಸಿದರೆ ಅದು ಗ್ರಂಥದ ಮೊದಲ ಸಾಲಾಗುತ್ತಿತ್ತು. ಪ್ರಶ್ನೆ ಕೇಳುವುದಕ್ಕೂ ರಚನೆಗೆ ತೊಡಗುವುದಕ್ಕೂ ನಡುವೆ ಇದ್ದ ಅಂತರವು ಒಂದು ಅಂಕೆಯಷ್ಟೇ.

ಹೀಗೆ ಡಾರ್ಟ್‌ಮತ್ತಿನಲ್ಲಿ ಇದ್ದುದು ಒಂದು ಆದರ್ಶ. ಆದರೆ ಮನೆಯ ಯಂತ್ರಗಳು ಭಾಷೆಯೊಡನೆ ಎಚ್ಚರತೊಡಗಿದುದು ಆದರ್ಶದ ಬಲದಿಂದ ಮಾತ್ರವೆ? ಅಲ್ಲವೆಂದೇ ಹೇಳಬೇಕಾಗುತ್ತದೆ.

೩

೧೯೭೫ರ ಜನವರಿಯ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಆಲ್ಟೇರ್ ೮೮೦೦ ಎಂಬ ಯಂತ್ರವನ್ನು ಬಿಡಿಭಾಗಗಳಾಗಿ ತರಿಸಿಕೊಂಡು ಹವ್ಯಾಸಿಯೇ ಬೆಸೆದುಕೊಳ್ಳಬೇಕಾಗಿತ್ತು. ಅದಕ್ಕೆ ಕೀಲಿಮಣೆಯಿರಲಿಲ್ಲ, ತೆರೆಯೂ ಇರಲಿಲ್ಲ. ಮುಂಭಾಗದ ಸ್ವಿಚ್ಚುಗಳನ್ನು ಮೇಲಕ್ಕೂ ಕೆಳಕ್ಕೂ ಒತ್ತಿ ಒಂದೊಂದೇ ಸಂಖ್ಯೆಯನ್ನು ಒಳಗೆ ಹಾಕಬೇಕು. ಬಿಲ್ ಗೇಟ್ಸ್, ಪಾಲ್ ಆಲೆನ್, ಮಾಂಟಿ ಡೇವಿಡಾಫ್ ಎಂಬ ಮೂವರು ಇದಕ್ಕೆಂದು ಬರೆದ ಬೇಸಿಕ್ ಕಾಗದದ ಪಟ್ಟಿಯ ಮೇಲೆ ದೊರೆಯುತ್ತಿತ್ತು. ಆದರೆ ಆ ಪಟ್ಟಿಯನ್ನು ಓದಿಸಿಕೊಳ್ಳುವುದಕ್ಕೆ ಬೇಕಾದ ಸಣ್ಣ ಕ್ರಮವಿಧಿಯನ್ನು ಮೊದಲು ಸ್ವಿಚ್ಚುಗಳಿಂದಲೇ ಬರೆಯಬೇಕಾಗಿತ್ತು. ಯಂತ್ರವನ್ನು ನಿಲ್ಲಿಸಿದರೆ ಎಲ್ಲವೂ ಅಳಿದುಹೋಗುವುದು.

ಈ ತೊಡಕಿಗೆ ಪರಿಹಾರವಾಗಿ ಒದಗಿದುದು ರೋಮ್ ಎಂದು ಕರೆಯಲ್ಪಡುವ ಸ್ಥಿರಸ್ಮೃತಿ. ಬರೆದುದನ್ನು ಇದು ವಿದ್ಯುತ್ತಿಲ್ಲದಿದ್ದರೂ ಉಳಿಸಿಕೊಳ್ಳುತ್ತದೆ. ಬಳಸುವವನು ಇದನ್ನು ತಿದ್ದಲಾರನು. ಅವನ ಸ್ವಂತ ಬರೆಹವು ಚರಸ್ಮೃತಿಯಲ್ಲಿ ನಿಂತು, ಯಂತ್ರವು ನಿಂತಾಗ ಮಾಯವಾಗುತ್ತದೆ. ಎಲ್ಲ ಸಂಸ್ಕಾರಕಗಳಿಗೂ, ಎಚ್ಚರಾದೊಡನೆ ತಾವು ಮೊದಲು ನೋಡತಕ್ಕ ಸ್ಥಾನವೊಂದು ಗೊತ್ತಾಗಿರುತ್ತದೆ. ಜಡ್ ೮೦ ಎಂಬ ಸಂಸ್ಕಾರಕವು ಸ್ಮೃತಿಯ ಸೊನ್ನೆಯ ಮನೆಯಿಂದಲೇ ನಡೆಯತೊಡಗುತ್ತದೆ. ೬೫೦೨ ಎಂಬುದು ಸ್ಮೃತಿಯ ತುದಿಯಲ್ಲಿರುವ ಎರಡು ಮನೆಗಳನ್ನು ಓದಿ, ಅಲ್ಲಿ ಹೇಳಿರುವ ಕಡೆಗೆ ಹೋಗುತ್ತದೆ. ಆ ಸ್ಥಾನವು ಸ್ಥಿರಸ್ಮೃತಿಯಲ್ಲಿದ್ದು, ಅಲ್ಲಿಂದ ಬೇಸಿಕ್ಕನ್ನು ಅರ್ಥಮಾಡಿಕೊಳ್ಳುವ ದುಭಾಷಿಗೆ ದಾರಿಯಿದ್ದರೆ, ಯಂತ್ರವು ಭಾಷೆಯೊಡನೆ ಎಚ್ಚರುತ್ತದೆ. ರಹಸ್ಯವು ಇಷ್ಟೇ.

ಆದರೆ ಭಾಷೆಯು ಒಳಗಿರುವುದು ಬೇರೆ, ಬಾಗಿಲಲ್ಲಿಯೇ ಇರುವುದು ಬೇರೆ. ೧೯೭೭ರ ಆಪಲ್ ೨ ಯಂತ್ರದ ಸ್ಥಿರಸ್ಮೃತಿಯಲ್ಲಿ ಬೇಸಿಕ್ ಇದ್ದಿತಾದರೂ, ಮೊದಲ ಮಾದರಿಗಳು ಯಂತ್ರಭಾಷೆಯ ಮೇಲ್ವಿಚಾರಕ ಕ್ರಮವಿಧಿಯಲ್ಲಿ ತೆರೆದುಕೊಂಡು, ಬಳಸುವವನು ಕೀಲಿಗಳನ್ನೊತ್ತಿ ಬೇಸಿಕ್ಕಿಗೆ ಹೋಗಬೇಕಾಗಿತ್ತು. ಅದೇ ವರ್ಷದ ಕಮೊಡೋರ್ ಪೆಟ್ ಯಂತ್ರವಾದರೋ ನೇರವಾಗಿ ಬೇಸಿಕ್ಕಿನಲ್ಲಿಯೇ ತೆರೆದು, ಬರೆಯಲು ಎಷ್ಟು ಸ್ಥಳವುಂಟೆಂಬ ಲೆಕ್ಕವನ್ನು ಒಪ್ಪಿಸುತ್ತಿತ್ತು. ಆ ಮನೆತನದ ೧೯೮೨ರ ಕಮೊಡೋರ್ ೬೪ರ ಮೊದಲ ತೆರೆಯಲ್ಲಿ ಕಾಣುತ್ತಿದ್ದ ೩೮೯೧೧ ಎಂಬ ಸಂಖ್ಯೆಯು ಆ ಕಾಲದ ಹುಡುಗರಿಗೆ ಕಂಠಪಾಠವಾಗಿದ್ದಿತು.

ಇಲ್ಲಿ ಪ್ರಧಾನಕಾರಣವು ಮಿತವ್ಯಯ. ಡಿಸ್ಕುಗಳು ದುಬಾರಿ, ಕೊಂಡುತರುವ ಕ್ರಮವಿಧಿಗಳು ವಿರಳ, ಬಳಸುವವನು ತಾನೇ ಬರೆಯದಿದ್ದರೆ ಯಂತ್ರದಿಂದ ಹೆಚ್ಚು ಪ್ರಯೋಜನವಿಲ್ಲ. ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರರ ಸಂಸ್ಥೆಯು ೧೯೮೦ರಲ್ಲಿ ಹೊರತಂದ ಜಡ್‌ಎಕ್ಸ್ ೮೦ ಇದಕ್ಕೆ ಒಳ್ಳೆಯ ಸಾಕ್ಷಿ. ಅದರ ಬೆಲೆ ನೂರು ಪೌಂಡಿಗೆ ಐದು ಪೆನ್ಸ್ ಕಡಮೆ. ಬಿಡಿಭಾಗಗಳಾಗಿ ಕೊಂಡರೆ ಇನ್ನೂ ಅಗ್ಗ. ಸ್ಥಿರಸ್ಮೃತಿ ೪ ಕಿಲೋಬೈಟು, ಚರಸ್ಮೃತಿ ಒಂದೇ ಕಿಲೋಬೈಟು. ತೆರೆಯ ಚಿತ್ರವನ್ನು ಬರೆಯುವ ಕೆಲಸವನ್ನೂ ಸಂಸ್ಕಾರಕವೇ ಮಾಡಬೇಕಾಗಿದ್ದುದರಿಂದ, ಕ್ರಮವಿಧಿಯು ನಡೆಯುವಾಗ ಚಿತ್ರವು ಮಾಯವಾಗುತ್ತಿತ್ತು. ಇಂತಹ ಬಡತನದಲ್ಲಿಯೂ ಭಾಷೆಗೆ ಮಾತ್ರ ಲೋಪವಿರಲಿಲ್ಲ.

೪

ಆದರ್ಶವೂ ಮಿತವ್ಯಯವೂ ಕೂಡಿಬಂದುದು ಬಿ. ಬಿ. ಸಿ. ಮೈಕ್ರೋ ಯಂತ್ರದಲ್ಲಿ. ಬ್ರಿಟಿಷ್ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್ ಗಣಕಸಾಕ್ಷರತೆಯ ಯೋಜನೆಯೊಂದನ್ನು ಕೈಕೊಂಡು, ಪ್ರಸಾರದ ಪಾಠಗಳಿಗೆ ಹೊಂದುವ ಯಂತ್ರವನ್ನು ಕೇಂಬ್ರಿಜ್ಜಿನ ಏಕಾರ್ನ್ ಸಂಸ್ಥೆಯಿಂದ ಮಾಡಿಸಿತು. ೧೯೮೧ರ ಕೊನೆಯಲ್ಲಿ ಅದು ಹೊರಬಂದಿತು. ಅದರ ಬೇಸಿಕ್ಕನ್ನು ಬರೆದವರು ಸೋಫಿ ವಿಲ್ಸನ್. ಬೇಸಿಕ್ಕಿನ ಮೇಲೆ ಆ ಹೊತ್ತಿಗೆ ಪ್ರಬಲವಾದ ಆಕ್ಷೇಪಣೆಯೊಂದು ನಿಂತಿತ್ತು: ಆ ಭಾಷೆಯನ್ನು ಮೊದಲು ಕಲಿತವನ ಬುದ್ಧಿ ಕೆಡುತ್ತದೆ, ಅವನಿಗೆ ಒಳ್ಳೆಯ ಕ್ರಮವಿಧಿರಚನೆಯನ್ನು ಕಲಿಸುವುದು ಅಸಾಧ್ಯಪ್ರಾಯವೆಂದು ಡಚ್ಚರ ಪ್ರಸಿದ್ಧ ವಿದ್ವಾಂಸ ಎಡ್ಸ್‌ಗರ್ ಡೈಕ್‌ಸ್ಟ್ರಾ ೧೯೭೫ರಲ್ಲಿ ಬರೆದಿದ್ದರು. ಮನಬಂದ ಸಾಲಿಗೆ ನೆಗೆಯುವ ‘ಗೋಟು’ ಎಂಬ ಆಜ್ಞೆಯಿಂದ ಬರೆಹವು ಸಿಕ್ಕುಸಿಕ್ಕಾಗುವುದನ್ನು ಬಲ್ಲವರು ಈ ಮಾತನ್ನು ಪೂರ್ತಿಯಾಗಿ ಅಲ್ಲಗಳೆಯಲಾರರು. ಆದರೆ ವಿಲ್ಸನ್ನರ ಬೇಸಿಕ್ಕಿನಲ್ಲಿ ಹೆಸರುಳ್ಳ ಉಪವಿಧಿಗಳೂ, ಪುನರಾವೃತ್ತಿಗೆ ಸ್ಪಷ್ಟವಾದ ರೂಪಗಳೂ ಇದ್ದುವು. ದೋಷವು ಆ ಕಾಲದ ಭಾಷಾರೂಪದಲ್ಲಿದ್ದಿತೇ ಹೊರತು, ಭಾಷೆಯನ್ನು ಬಾಗಿಲಲ್ಲಿಡುವ ಪದ್ಧತಿಯಲ್ಲಿರಲಿಲ್ಲವೆಂಬುದು ಇದರಿಂದ ಸ್ಥಿರಪಡುತ್ತದೆ.

ಈ ಯಂತ್ರಕ್ಕೂ ನಮ್ಮ ದೇಶಕ್ಕೂ ಸಂಬಂಧವುಂಟು. ಭಾರತ ಸರಕಾರವು ೧೯೮೪ರಲ್ಲಿ ‘ಕ್ಲಾಸ್’ ಎಂಬ ಹೆಸರಿನಿಂದ ಶಾಲೆಗಳಲ್ಲಿ ಗಣಕಸಾಕ್ಷರತೆಯ ಯೋಜನೆಯನ್ನು ಆರಂಭಿಸಿದಾಗ ಆರಿಸಿಕೊಂಡುದು ಬಿ. ಬಿ. ಸಿ. ಮೈಕ್ರೋವನ್ನೇ. ಆದರೆ ಆ ತೆರೆಯ ಮೇಲೆ ಬರೆಯಬೇಕಾಗಿದ್ದುದು ಇಂಗ್ಲೀಷಿನಲ್ಲಿ. ಒಂದು ಅಕ್ಷರಕ್ಕೆ ಅಡ್ಡಲಾಗಿ ಎಂಟು, ಉದ್ದಕ್ಕೆ ಎಂಟು ಚುಕ್ಕೆಗಳ ಮನೆ ಗೊತ್ತಾಗಿತ್ತು. ಎಂಟು ಸಂಖ್ಯೆಗಳನ್ನು ಬರೆದು ಹೊಸ ಆಕಾರವನ್ನು ಕಲ್ಪಿಸಿಕೊಳ್ಳುವ ಅವಕಾಶವೂ ಇದ್ದಿತು. ಆ ಮನೆಯಲ್ಲಿ ‘ಗ’ಕಾರವು ಸುಖವಾಗಿ ಕುಳಿತೀತು. ಎರಡು ಒತ್ತುಗಳೊಡನೆ ದೀರ್ಘವನ್ನೂ ಹೊತ್ತ ‘ಸ್ತ್ರೀ’ ಎಂಬ ಅಕ್ಷರವನ್ನು ಅಲ್ಲಿ ಹಿಡಿಸುವುದು ಹೇಗೆ? ಕನ್ನಡದ ಹುಡುಗನಿಗೆ ಬಾಗಿಲು ತೆರೆದಿದ್ದರೂ ಹೊಸ್ತಿಲು ಎತ್ತರವಾಗಿದ್ದಿತು.

೫

ಪದ್ಧತಿಯು ಅಳಿದುದೂ ಹುಟ್ಟಿದ ಹಾಗೆಯೇ ಆರ್ಥಿಕಕಾರಣದಿಂದ. ೧೯೮೧ರ ಐ. ಬಿ. ಎಂ. ಪಿ. ಸಿ. ಯಂತ್ರದ ಸ್ಥಿರಸ್ಮೃತಿಯಲ್ಲಿಯೂ ಬೇಸಿಕ್ ಇದ್ದಿತು; ಡಿಸ್ಕು ಇಲ್ಲದೆ ಯಂತ್ರವನ್ನು ಎಬ್ಬಿಸಿದರೆ ಅದೇ ಕಾಣಿಸಿಕೊಳ್ಳುತ್ತಿತ್ತು. ಎಂದರೆ, ಅನ್ಯಗತಿಯಿಲ್ಲದಾಗ ಮಾತ್ರ ಭಾಷೆ. ಡಿಸ್ಕುಗಳು ಅಗ್ಗವಾಗಿ, ಸಿದ್ಧವಾದ ಕ್ರಮವಿಧಿಗಳು ಅಂಗಡಿಗಳಲ್ಲಿ ತುಂಬಿದ ಮೇಲೆ, ಭಾಷೆಯು ಬಾಗಿಲಿಂದ ನಡುಮನೆಗೂ ನಡುಮನೆಯಿಂದ ಅಟ್ಟಕ್ಕೂ ಸರಿಯಿತು. ಯಾರೂ ಅದನ್ನು ಬೇಕೆಂದು ಹೊರಗೆ ಹಾಕಲಿಲ್ಲ. ಬೇಕೆಂದು ಇಟ್ಟವರು ಕೆಲವರೇ ಆಗಿದ್ದುದರಿಂದ, ಹೋದಾಗ ಕೇಳಿದವರೂ ಕೆಲವರೇ.

ಇದರ ಪರಿಣಾಮವು ತಡವಾಗಿ ತಿಳಿಯಬಂದಿತು. ಗಣಕವಿಜ್ಞಾನವನ್ನು ಕಲಿಯಬೇಕೆಂದು ಕೇಂಬ್ರಿಜ್ಜಿಗೆ ಅರ್ಜಿಹಾಕುವವರ ಸಂಖ್ಯೆ ಇಳಿಯುತ್ತಿರುವುದನ್ನೂ, ಬಂದವರಲ್ಲಿ ಪೂರ್ವಾಭ್ಯಾಸವು ಕಡಮೆಯಾಗಿರುವುದನ್ನೂ ಕಂಡ ಎಬೆನ್ ಅಪ್ಟನ್ ಮೊದಲಾದವರು ರಾಸ್ಪ್‌ಬೆರಿ ಪೈ ಯಂತ್ರಕ್ಕೆ ಕೈಹಾಕಿದರು. ಅದು ೨೦೧೨ನೆಯ ಫೆಬ್ರವರಿ ೨೯ರಂದು ಹೊರಬಂದಿತು. ದೊಡ್ಡ ಮಾದರಿಯ ಬೆಲೆ ೩೫ ಡಾಲರು. ‘ಮಾಡೆಲ್ ಎ’, ‘ಮಾಡೆಲ್ ಬಿ’ ಎಂಬ ಹೆಸರುಗಳು ಬಿ. ಬಿ. ಸಿ. ಮೈಕ್ರೋವಿನಿಂದ ಬಂದುವು. ಪೈಥಾನ್ ಎಂಬ ಭಾಷೆಯನ್ನೇ ಮುಖ್ಯವಾಗಿ ನಡಸುವ ಯಂತ್ರವಾಗಬೇಕೆಂದು ಮೊದಲಿದ್ದ ಆಲೋಚನೆಯ ಕುರುಹು ‘ಪೈ’ ಎಂಬ ಪದದಲ್ಲಿ ಉಳಿದಿದೆ. ಆದರೆ ಹೊರಬಂದ ಯಂತ್ರವು ಲೀನಕ್ಸ್ ಎಂಬ ಪೂರ್ಣವ್ಯವಸ್ಥೆಯೊಡನೆ ಎಚ್ಚರುವಂತಹುದು. ಭಾಷೆಯು ಅದರಲ್ಲಿ ಅನೇಕ ವಸ್ತುಗಳ ನಡುವೆ ಒಂದು.

ಬಾಗಿಲಿಗೆ ಭಾಷೆಯನ್ನು ಮರಳಿ ತಂದವರು ಹವ್ಯಾಸಿಗಳು. ಆಸ್ಟ್ರೇಲಿಯಾದ ಜೆಫ್ ಗ್ರಹಮ್ ‘ಸಿಲಿಕಾನ್ ಚಿಪ್’ ಪತ್ರಿಕೆಯಲ್ಲಿ ೨೦೧೧ರಲ್ಲಿ ಪ್ರಕಟಿಸಿದ ಮ್ಯಾಕ್ಸಿಮೈಟ್ ಯಂತ್ರವು ಒಂದೇ ಚಿಪ್ಪಿನಲ್ಲಿ ನಡೆಯುತ್ತಿತ್ತು. ಕೀಲಿಮಣೆಯನ್ನೂ ತೆರೆಯನ್ನೂ ಜೋಡಿಸಿ ವಿದ್ಯುತ್ತನ್ನು ಕೊಟ್ಟರೆ, ಅವರೇ ಬರೆದ ಬೇಸಿಕ್ ಎದುರಿಗೆ ನಿಲ್ಲುವುದು. ೨೦೨೧ರಲ್ಲಿ ೪ ಡಾಲರಿಗೆ ಬಂದ ರಾಸ್ಪ್‌ಬೆರಿ ಪೈ ಪೀಕೋ ಎಂಬ ಫಲಕಕ್ಕೂ ಅದೇ ಭಾಷೆಯು ಹೊಂದಿಕೆಯಾಯಿತು. ಆ ಫಲಕದ ಚರಸ್ಮೃತಿ ೨೬೪ ಕಿಲೋಬೈಟು, ಎಂದರೆ ಬಿ. ಬಿ. ಸಿ. ಮೈಕ್ರೋವಿನ ದೊಡ್ಡ ಮಾದರಿಯ ಎಂಟುಪಟ್ಟಿಗೂ ಮಿಗಿಲು. ಅದರ ಚಿಪ್ಪಿನಲ್ಲಿ ಎರಡು ಸಂಸ್ಕಾರಕಗಳಿದ್ದು, ಒಂದು ಬೇಸಿಕ್ಕನ್ನು ನಡಸಿದರೆ ಇನ್ನೊಂದು ತೆರೆಯ ಚಿತ್ರವನ್ನು ಕಾಯುತ್ತದೆ. ಜಡ್‌ಎಕ್ಸ್ ೮೦ರಲ್ಲಿ ಒಂದೇ ಸಂಸ್ಕಾರಕವು ಹೊರಲಾರದೆ ಹೋದ ಭಾರವು ಇಲ್ಲಿ ಹಂಚಿಹೋಗಿದೆ.

೬

ಈಗ ಮೊದಲು ಎತ್ತಿಕೊಂಡ ಪ್ರಶ್ನೆಗೆ ಬರಬಹುದು. ಈ ಯಂತ್ರಜಾತಿಯ ಲಕ್ಷಣವನ್ನು ಹೇಳುವುದಾದರೆ, ಹಳೆಯ ಅಕ್ಷರರೂಪವಾಗಲಿ ಬೇಸಿಕ್ ಭಾಷೆಯೇ ಆಗಲಿ ಅದರಲ್ಲಿ ಸೇರತಕ್ಕುದಲ್ಲ. ಲಕ್ಷಣಗಳು ಮೂರು. ಎಚ್ಚರಾದೊಡನೆ ಬರೆಯಲು ಸ್ಥಳವಿರಬೇಕು. ಬರೆಯುವವನ ಯಾವ ತಪ್ಪಿನಿಂದಲೂ ಭಾಷೆಗೆ ಕೇಡಾಗಬಾರದು; ಗುಂಡಿಯನ್ನು ಆರಿಸಿ ಹೊತ್ತಿಸಿದರೆ ಎಲ್ಲವೂ ಮೊದಲಿನಂತೆ ಆಗಬೇಕು. ಯಂತ್ರವು ಒಬ್ಬನ ತಿಳಿವಳಿಕೆಗೆ ಸಮಗ್ರವಾಗಿ ನಿಲುಕುವಷ್ಟು ಚಿಕ್ಕದಾಗಿರಬೇಕು. ಇವುಗಳಲ್ಲಿ ಎರಡನೆಯದೇ ಮುಖ್ಯವೆಂದು ನನ್ನ ಅಭಿಪ್ರಾಯ. ನಮ್ಮ ಹಳೆಯ ಮಠಗಳಲ್ಲಿ ಹುಡುಗರು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದುತ್ತಿದ್ದರು. ಓಲೆಗೆ ಕಂಠದಿಂದ ಗೀರಿದುದು ಅಳಿಯದು. ಮರಳಿನ ಮೇಲಣ ತಪ್ಪು ಒಂದು ಸವರಿಗೆ ಹೋಗುವುದು. ಹೋಗುವುದೆಂಬ ಧೈರ್ಯದಿಂದಲೇ ಕೈ ನಿರ್ಭಯವಾಗಿ ಆಡುತ್ತಿತ್ತು. ಸ್ಥಿರಸ್ಮೃತಿಯಲ್ಲಿ ಭಾಷೆಯನ್ನೂ ಚರಸ್ಮೃತಿಯಲ್ಲಿ ಬರೆಹವನ್ನೂ ಇರಿಸಿದ ಆ ಯಂತ್ರಗಳು, ಉದ್ದೇಶಿಸದೆಯೇ, ಅಂತಹ ಮರಳಹಾಸಾಗಿದ್ದುವು.

ಹಿಂದೆ ಹಲವರಿಗೆ ಅನಿವಾರ್ಯವಾಗಿದ್ದುದು ಇಂದಿನವರಿಗೆ ಐಚ್ಛಿಕ. ಸಾವಿರಪಟ್ಟು ಸ್ಮೃತಿಯುಳ್ಳ ಯಂತ್ರವು ಕೈಗೆ ದೊರೆಯುತ್ತಿರುವಾಗ ಒಬ್ಬನು ಚಿಕ್ಕದನ್ನು ಬೆಸೆದುಕೊಂಡರೆ, ಅದನ್ನು ವ್ಯಾಮೋಹವೆಂದು ಮಾತ್ರ ಹೇಳಲಾಗದು. ಬೆಲೆಯ ಲೆಕ್ಕದಿಂದ ಬಂದು ಬೆಲೆಯ ಲೆಕ್ಕದಿಂದಲೇ ಹೋದ ಒಂದು ಗುಣವನ್ನು ಅವನು ಗುಣವೆಂದು ಗುರುತಿಸಿ ಆರಿಸಿಕೊಳ್ಳುತ್ತಿದ್ದಾನೆ. ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಪ್ರಯೋಜನವುಂಟು. ಪೀಕೋ ಯಂತ್ರದ ತೆರೆಗೆ ಅಡ್ಡಲಾಗಿ ೬೪೦, ಉದ್ದಕ್ಕೆ ೪೮೦ ಚುಕ್ಕೆಗಳುಂಟು. ಬಳಸುವವನು ತನ್ನ ಅಕ್ಷರರೂಪಗಳನ್ನು, ಬೇಕಾದ ಎತ್ತರದಲ್ಲಿ, ತಾನೇ ಬರೆದು ಸೇರಿಸಬಹುದು. ‘ಸ್ತ್ರೀ’ ಎಂಬ ಅಕ್ಷರಕ್ಕೆ ಅಲ್ಲಿ ಸ್ಥಳದ ಕೊರತೆಯಿಲ್ಲ. ಒತ್ತುಗಳನ್ನು ಜೋಡಿಸುವ ನಿಯಮವನ್ನು ಕ್ರಮವಿಧಿಯಾಗಿ ಬರೆಯುವುದು ವ್ಯಾಕರಣವನ್ನೂ ಲಿಪಿಯನ್ನೂ ಬಲ್ಲವರಿಗೆ ತಕ್ಕ ಕೆಲಸ. ಯಂತ್ರಶಿಲ್ಪಿಗಳು ಬಾಗಿಲನ್ನು ಮತ್ತೆ ತೆರೆದಿದ್ದಾರೆ. ಹೊಸ್ತಿಲನ್ನು ತಗ್ಗಿಸುವ ಹೊಣೆ ಭಾಷೆಯನ್ನು ಕಲಿಸುವವರದು.