ಮೂರು ನಿಮಿಷದ ಪಿನ್ನು, ಮೂವತ್ತು ವರ್ಷದ ವಜ್ರ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಕಡೆಯ ಹಳೆಯ ತೋಟದ ಮನೆಗಳಲ್ಲಿ ಅಟ್ಟ ಹತ್ತಿದರೆ ರೆಕಾರ್ಡುಗಳ ಪೆಟ್ಟಿಗೆಯೊಂದು ಸಿಗುವುದುಂಟು. ಊರಿಗೆ ವಾಪಸಾದ ಮಕ್ಕಳು, ಮೊಮ್ಮಕ್ಕಳು ಈಚೆಗೆ ಅವನ್ನು ಕೆಳಗಿಳಿಸಿ, ಬೂಷ್ಟು ಒರೆಸಿ, ಪ್ಲೇಯರಿನ ಬೆಲ್ಟು ಬದಲಿಸಿ ಹಾಡು ಹಾಕುತ್ತಿದ್ದಾರೆ. ಆದರೆ ತಟ್ಟೆ ತೊಳೆದವರು, ಮರದ ಪೆಟ್ಟಿಗೆಗೆ ಪಾಲಿಷ್ ಹೊಡೆಸಿದವರು ಕೂಡ ಮರೆಯುವ ಜಾಗ ಒಂದಿದೆ: ತಟ್ಟೆಗೆ ತಾಗುವ ಸೂಜಿ, ಆ ಸೂಜಿಯನ್ನು ಹಿಡಿದುಕೊಂಡಿರುವ ಕಾರ್ಟ್ರಿಜ್. ಹಳಬರು ಇದನ್ನು ಪಿಕಪ್ ಎನ್ನುತ್ತಿದ್ದರು, ಇನ್ನು ಕೆಲವರಿಗೆ ಇದು ಬರೀ 'ಹೆಡ್ಡು'.

ಸೂಜಿಯನ್ನು ನೋಡಿಕೊಳ್ಳುವ ರೂಢಿ ನಮ್ಮ ಕಡೆ ಮೊದಲಿನಿಂದಲೂ ಇರಲಿಲ್ಲ ಎಂದೇನಲ್ಲ. ಒಂದು ಕಾಲದಲ್ಲಿ ಮೂರು ನಿಮಿಷಕ್ಕೊಮ್ಮೆ ನೋಡುತ್ತಿದ್ದೆವು. ಆ ರೂಢಿ ಹೇಗೆ ತಪ್ಪಿತು, ಅದರಿಂದ ಏನಾಯಿತು ಎಂಬುದೇ ಈ ಬರಹದ ವಿಷಯ.

ಕರೆಂಟಿಲ್ಲದ ಕಾಲದ ಸಂಗೀತ

ಭಾರತದಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಣ ಶುರುವಾದದ್ದು 1902ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ. ಲಂಡನ್ನಿನಿಂದ ಬಂದಿದ್ದ ಫ್ರೆಡ್ ಗೈಸ್‌ಬರ್ಗ್ ಆಗ ಹಾಡಿಸಿದವರಲ್ಲಿ ಗೌಹರ್ ಜಾನ್ ಪ್ರಮುಖರು. ಇದೇ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಕಲ್ಕತ್ತೆಯಲ್ಲಿ 1908ರಲ್ಲಿ ತಟ್ಟೆ ಒತ್ತುವ ಕಾರ್ಖಾನೆ ಬಂತು. ಆಮೇಲೆ ನಾಟಕದ ಹಾಡುಗಳು, ದೇವರನಾಮಗಳು, ಹಿಂದೂಸ್ತಾನಿ ಸಂಗೀತ ಎಲ್ಲವೂ ತಟ್ಟೆಗಿಳಿದವು. ನಮ್ಮ ಗಂಗೂಬಾಯಿ ಹಾನಗಲ್ ಅವರ ಆರಂಭದ ತಟ್ಟೆಗಳ ಮೇಲೆ 'ಗಾಂಧಾರಿ' ಎಂಬ ಹೆಸರಿತ್ತು.

ಆಗ ಕಡೂರು ಜಿಲ್ಲೆ ಎನ್ನಿಸಿಕೊಂಡಿದ್ದ ನಮ್ಮ ಜಿಲ್ಲೆಯ ತೋಟಗಳಿಗೆ ಗ್ರಾಮಫೋನು ಹೇಳಿ ಮಾಡಿಸಿದಂತಿತ್ತು. ಕೀ ಕೊಟ್ಟರೆ ಸ್ಪ್ರಿಂಗಿನ ಬಲದಿಂದ ತಟ್ಟೆ ತಿರುಗುತ್ತಿತ್ತು, ಕರೆಂಟು ಬೇಕಿರಲಿಲ್ಲ. ಮಳೆಗಾಲದಲ್ಲಿ ಹಳ್ಳ ಉಕ್ಕಿ, ದಾರಿ ಮುಚ್ಚಿ, ವಾರಗಟ್ಟಲೆ ಹೊರಗಿನ ಮುಖ ಕಾಣದ ಬಂಗಲೆಯಲ್ಲೂ ಪೆಟ್ಟಿಗೆ ಹಾಡುತ್ತಿತ್ತು.

ಆ ತಟ್ಟೆಗಳಲ್ಲಿದ್ದದ್ದು ಅರಗು, ಕಲ್ಲಿನ ಪುಡಿ ಮತ್ತು ಕಾಡಿಗೆ. ಕಲ್ಲಿನ ಪುಡಿ ಸೇರಿಸಿದ್ದಕ್ಕೆ ಕಾರಣವಿತ್ತು. ಉಕ್ಕಿನ ಪಿನ್ನಿನ ಮೇಲೆ ಕೂತ ಸೌಂಡ್‌ಬಾಕ್ಸಿನ ಭಾರ 100 ಗ್ರಾಮಿಗೂ ಹೆಚ್ಚು. ಅಷ್ಟು ಭಾರ ಹೊತ್ತ ಪಿನ್ನು ಮೊದಲ ಕೆಲವು ಸುತ್ತಿನಲ್ಲೇ ಸವೆದು ಗೆರೆಯ ಆಕಾರಕ್ಕೆ ಬರಬೇಕಿತ್ತು. ಅಂದರೆ ತಟ್ಟೆಯೇ ಸಾಣೆಕಲ್ಲು. ಹಾಡು ಮುಗಿಯುವ ಹೊತ್ತಿಗೆ ಪಿನ್ನಿನ ಕೆಲಸವೂ ಮುಗಿದಿರುತ್ತಿತ್ತು, ಅದನ್ನು ಬಿಸಾಕಿ ಹೊಸದನ್ನು ಸಿಕ್ಕಿಸಬೇಕಿತ್ತು. 10 ಇಂಚಿನ ತಟ್ಟೆಯ ಒಂದು ಮುಖ ಮೂರು ಚಿಲ್ಲರೆ ನಿಮಿಷ, ಮುಖಕ್ಕೊಂದು ಪಿನ್ನು. ನಾಯಿ ಚಿತ್ರದ ಪುಟ್ಟ ತಗಡಿನ ಡಬ್ಬಿಗಳಲ್ಲಿ ಇವು ನೂರಿನ್ನೂರರ ಲೆಕ್ಕದಲ್ಲಿ ಮಾರಾಟವಾಗುತ್ತಿದ್ದವು. ಇಂದಿಗೂ ಆ ಡಬ್ಬಿಗಳು ಗುಂಡಿ, ಪಿನ್ನು ಹಾಕಿಡಲು ಬಳಕೆಯಲ್ಲಿವೆ.

ಪಿನ್ನು ಬದಲಿಸುವುದು ಮನೆಯ ಮಕ್ಕಳ ಕೆಲಸ. ಅದಕ್ಕೆ ಮೆಕ್ಯಾನಿಕ್ ಬೇಕಿರಲಿಲ್ಲ, ಭೂತಕನ್ನಡಿ ಬೇಕಿರಲಿಲ್ಲ. ಹಳೆಯ ಪಿನ್ನನ್ನೇ ಎರಡನೇ ಸಲ ಹಾಕಿದರೆ ಸದ್ದು ಕೆಡುತ್ತಿತ್ತು, ಹಿರಿಯರು ಗದರುತ್ತಿದ್ದರು.

ಉಪ್ಪಿನ ಹರಳು ಮತ್ತು ಮಲೆನಾಡಿನ ಮಳೆ

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಲಾಂಗ್ ಪ್ಲೇ ತಟ್ಟೆ ತಂದಿತು. ಅರಗಿನ ಬದಲು ವಿನೈಲ್, ನಿಮಿಷಕ್ಕೆ 78 ಸುತ್ತಿನ ಬದಲು 33, ಒಂದು ಮುಖಕ್ಕೆ 20 ನಿಮಿಷಕ್ಕೂ ಹೆಚ್ಚು ಹಾಡು. ವಿನೈಲ್ ಮೆತ್ತನೆಯದು, ಗೆರೆ ಕೂದಲಿನಷ್ಟು ಸಣ್ಣದು. ಅದಕ್ಕೆ ಉಕ್ಕಿನ ಪಿನ್ನು ಆಗುವುದಿಲ್ಲ. ಹಾಗಾಗಿ ನೀಲಮಣಿ ಅಥವಾ ವಜ್ರದ ತುದಿಯ ಕಾಯಂ ಸೂಜಿ, ಸೂಜಿಯ ಅದುರನ್ನು ವಿದ್ಯುತ್ತಾಗಿಸುವ ಹಗುರವಾದ ಕಾರ್ಟ್ರಿಜ್ ಮನೆಮನೆಗೆ ಬಂದವು. 1960–70ರ ದಶಕದಲ್ಲಿ ನಮ್ಮ ಕಡೆ ಹೆಸರು ಮಾಡಿದ ಎಚ್.ಎಂ.ವಿ. ಫಿಯೆಸ್ಟಾ ಪ್ಲೇಯರು ಬ್ಯಾಟರಿಯಲ್ಲೂ ನಡೆಯುತ್ತಿತ್ತು. ಕರೆಂಟು ನೆಚ್ಚುವಂತಿರದ ಊರುಗಳಿಗೆ ಅದೇ ದೊಡ್ಡ ಅನುಕೂಲ.

ಅಗ್ಗದ ಪ್ಲೇಯರುಗಳಲ್ಲಿ ಮೊದಲು ಬಂದದ್ದು ಕ್ರಿಸ್ಟಲ್ ಕಾರ್ಟ್ರಿಜ್. ಅದರೊಳಗಿನ ಹರಳು ರೋಶೆಲ್ ಸಾಲ್ಟ್ ಎಂಬ ಲವಣದ್ದು. ಈ ಹರಳನ್ನು ಬಗ್ಗಿಸಿದರೆ ವಿದ್ಯುತ್ತು ಹುಟ್ಟುತ್ತದೆ ಎಂಬುದು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡುಕೊಂಡದ್ದು. ಹಾಡು ಜೋರಾಗಿ ಕೇಳುತ್ತಿತ್ತು, ಬೆಲೆಯೂ ಕಮ್ಮಿ. ಆದರೆ ಅದು ಉಪ್ಪು. ತೀರಾ ಒಣಹವೆಯಲ್ಲಿ ತನ್ನೊಳಗಿನ ನೀರು ಬಿಟ್ಟು ಪುಡಿಯಾಗುತ್ತದೆ, ತೀರಾ ತೇವದಲ್ಲಿ ಕರಗುತ್ತದೆ, 55 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಕಾದರೆ ಪೂರಾ ಕೆಡುತ್ತದೆ.

ಕೊಟ್ಟಿಗೆಹಾರದಲ್ಲೋ ಕಳಸದಲ್ಲೋ ಒಂದು ಆಷಾಢ ಕಳೆದವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ಅಡುಗೆಮನೆಯ ಉಪ್ಪಿನ ಭರಣಿ ನೀರು ಬಿಡುವ, ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಹವೆ ನಮ್ಮದು. ಜೂನಿನಲ್ಲಿ ಹಾಡುತ್ತಿದ್ದ ಪ್ಲೇಯರು ಸೆಪ್ಟೆಂಬರಿನಲ್ಲಿ ಪಿಸುಗುಟ್ಟಿದರೆ ಆಶ್ಚರ್ಯವೇನಿಲ್ಲ. ಹೀಗೆ ಸತ್ತ ಹರಳನ್ನು ಯಾರೂ ತೊಳೆದು ಬದುಕಿಸಲಾರರು. ಕಾರ್ಟ್ರಿಜ್ ಬದಲಿಸುವುದೊಂದೇ ದಾರಿಯಾಗಿತ್ತು. ಆಮೇಲೆ ಬಂದ ಸೆರಾಮಿಕ್ ಕಾರ್ಟ್ರಿಜ್ ತೇವ, ಬಿಸಿಲು ಎರಡನ್ನೂ ತಡೆಯಿತು. ದೊಡ್ಡ ಮನೆಗಳ ಸ್ಟೀರಿಯೋ ಸೆಟ್ಟುಗಳಿಗೆ ಸಣ್ಣ ಅಯಸ್ಕಾಂತ ಅಲುಗುವ ಮ್ಯಾಗ್ನೆಟಿಕ್ ಕಾರ್ಟ್ರಿಜ್ ಬಂತು.

ಈ ಹೊತ್ತಿಗೆ ರಿಪೇರಿ ಮನೆಯಿಂದ ಅಂಗಡಿಗೆ ಹೋಗಿತ್ತು. ಪೇಟೆಯ ರೇಡಿಯೊ ರಿಪೇರಿಯವರೇ ಪ್ಲೇಯರಿಗೂ ಡಾಕ್ಟರು. ಅವರಿಗೆ ಹೆಚ್ಚು ಕೆಲಸ ಕೊಟ್ಟವರು ತೋಟದ ಮಾಲೀಕರಲ್ಲ, ಮೈಕ್ ಸೆಟ್ಟಿನವರು. ಮದುವೆ, ಜಾತ್ರೆ, ಟೆಂಟ್ ಸಿನಿಮಾ ಎಲ್ಲೆಡೆ ಬೆಳಗಿನಿಂದ ರಾತ್ರಿವರೆಗೆ ಅದೇ ತಟ್ಟೆಗಳನ್ನು ತಿರುಗಿಸುತ್ತಿದ್ದವರು ಅವರು. ಸೂಜಿ ಜಾರಿದರೆ ತೋಳಿನ ಮೇಲೆ ನಾಣ್ಯ ಇಟ್ಟು ಭಾರ ಹೆಚ್ಚಿಸುವುದು ಆಗಿನ ಉಪಾಯ. ಹಾಡು ನಿಲ್ಲುತ್ತಿರಲಿಲ್ಲ ನಿಜ, ತಟ್ಟೆ ಮಾತ್ರ ಉಳಿಯುತ್ತಿರಲಿಲ್ಲ.

ಯಾರು ಯಾರನ್ನು ಸವೆಸುತ್ತಾರೆ

ಮುಖ್ಯ ಬದಲಾವಣೆ ಇಲ್ಲಿದೆ. ಅರಗಿನ ತಟ್ಟೆಯ ಕಾಲದಲ್ಲಿ ತಟ್ಟೆ ಪಿನ್ನನ್ನು ಸವೆಸುತ್ತಿತ್ತು. ವಜ್ರ ಬಂದ ಮೇಲೆ ಅದು ತಿರುಗುಮುರುಗಾಯಿತು. ಸವೆದ ವಜ್ರ ಮೆತ್ತನೆಯ ತಟ್ಟೆಯನ್ನು ಕೆರೆಯತೊಡಗಿತು. ಪಿನ್ನು ಹೋದರೆ ಕಾಸಿನ ನಷ್ಟ, ಗೆರೆ ಹೋದರೆ ಹಾಡೇ ಹೋದಂತೆ.

ಅಷ್ಟಕ್ಕೂ ವಜ್ರ ಸವೆಯುತ್ತದೆಯೇ ಎಂದು ಕೇಳುವವರಿದ್ದಾರೆ. ಸವೆಯುತ್ತದೆ. ನೀಲಮಣಿಯ ಸೂಜಿಯ ಆಯುಸ್ಸು ಕೆಲವು ಹತ್ತು ಗಂಟೆಗಳಷ್ಟೇ. ವಜ್ರದ್ದು ಸಾಮಾನ್ಯವಾಗಿ 500ರಿಂದ 1000 ಗಂಟೆ. ಲೆಕ್ಕ ಹಾಕಿ: ಎಲ್‌ಪಿಯ ಒಂದು ಮುಖದ ಗೆರೆ ಬಿಚ್ಚಿ ಎಳೆದರೆ ಸುಮಾರು 440 ಮೀಟರು. ಎರಡೂ ಮುಖ ಕೇಳಲು 40 ನಿಮಿಷ ಎಂದಿಟ್ಟುಕೊಂಡರೆ 500 ಗಂಟೆಯಲ್ಲಿ 750 ಸಲ ತಟ್ಟೆ ಹಾಕಬಹುದು. ಅಷ್ಟರಲ್ಲಿ ಸೂಜಿ 660 ಕಿಲೋಮೀಟರು ಉಜ್ಜಿಕೊಂಡು ಹೋಗಿರುತ್ತದೆ, ಅಂದರೆ ಚಿಕ್ಕಮಗಳೂರಿನಿಂದ ಬೆಂಗಳೂರಿಗೆ ಹೋಗಿ ಬಂದದ್ದಕ್ಕಿಂತ ಹೆಚ್ಚು. ದಿನಕ್ಕೊಂದು ತಟ್ಟೆ ಕೇಳುವ ಮನೆಯಲ್ಲಿ ಇದು ಎರಡು ವರ್ಷದ ಬಾಳಿಕೆ. ನಮ್ಮ ಕಡೆಯ ಎಷ್ಟೋ ಪ್ಲೇಯರುಗಳಲ್ಲಿ ಕೊಂಡ ದಿನದ ಸೂಜಿಯೇ ಮೂವತ್ತು ವರ್ಷ ಕೂತಿದೆ.

ಸವೆತ ಕಣ್ಣಿಗೆ ಕಾಣುವುದಿಲ್ಲ. ಎಲ್‌ಪಿಯ ದುಂಡು ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ 50ರಲ್ಲಿ ಒಂದು ಪಾಲಿಗಿಂತ ಕಮ್ಮಿ. ಗೆರೆಯ ಎರಡು ಗೋಡೆಗೆ ತಾಗುವ ಕಡೆ ಅದು ಚಪ್ಪಟೆಯಾಗಿ, ಅಂಚು ಉಳಿಯಂತಾಗುತ್ತದೆ. ಕಾಫಿ ಬೆಳೆಗಾರರಿಗೆ ಇದು ಬಿಳಿ ಕಾಂಡಕೊರಕದ ಉದಾಹರಣೆಯಿಂದ ಸುಲಭವಾಗಿ ಅರ್ಥವಾದೀತು. ಅರೇಬಿಕಾ ಗಿಡ ಹೊರಗಿನಿಂದ ಹಸಿರಾಗಿಯೇ ಇರುತ್ತದೆ, ಎಲೆ ಹಳದಿಯಾಗಿ ಬಾಡುವ ಹೊತ್ತಿಗೆ ಒಳಗೆ ಹುಳು ಕೊರೆದು ಮುಗಿದಿರುತ್ತದೆ. ಅದಕ್ಕೇ ವರ್ಷಕ್ಕೆರಡು ಬಾರಿ ತೋಟದಲ್ಲಿ ಟ್ರೇಸಿಂಗ್ ಮಾಡಿಸುತ್ತೇವೆ. ಸೂಜಿಗೂ ಬೇಕಾದದ್ದು ಅದೇ.

ಆದರೆ ಟ್ರೇಸಿಂಗ್ ಮಾಡುವವರು ಇಲ್ಲವಾದರು. 1978ರಲ್ಲಿ ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ 'ನಿತ್ಯೋತ್ಸವ' ಬಂತು. ಮುಂದಿನ ಹತ್ತು ವರ್ಷದಲ್ಲಿ ಮೈಕ್ ಸೆಟ್ಟು, ಜೀಪು, ಕೂಲಿ ಲೈನಿನ ಮನೆ ಎಲ್ಲೆಡೆ ಕ್ಯಾಸೆಟ್ಟೇ. ರಿಪೇರಿ ಅಂಗಡಿಯವರು ಟೇಪ್ ಹೆಡ್ಡು ಒರೆಸಲು ಕಲಿತರು, ಆಮೇಲೆ ಟಿವಿ, ಆಮೇಲೆ ಮೊಬೈಲು. ಸೂಜಿ ನೋಡುವ ವಿದ್ಯೆ ಒಂದೇ ತಲೆಮಾರಿಗೆ ನಿಂತಿತು.

ಮೈಕ್ರೋಸ್ಕೋಪಿನ ಕೆಳಗೆ

ಕಳಸದ ಹತ್ತಿರದ ಮನೆಯೊಂದರ ಮ್ಯಾಗ್ನೆಟಿಕ್ ಕಾರ್ಟ್ರಿಜ್ಜನ್ನು ಮನೆಯವರ ಕೋರಿಕೆಯ ಮೇಲೆ ನಾವು ಬೆಂಗಳೂರಿನ ತಂತ್ರಜ್ಞರೊಬ್ಬರ ಬಳಿ ಒಯ್ದೆವು. ಹಾಡಿನಲ್ಲಿ 'ಸ' ಬಂದಲ್ಲೆಲ್ಲ ಸೀಳಿದಂತೆ ಕೇಳುತ್ತಿತ್ತು. ತಟ್ಟೆಗೆ ವಯಸ್ಸಾಗಿದೆ ಎಂದು ಮನೆಯವರು ಸುಮ್ಮನಿದ್ದರು.

ತಂತ್ರಜ್ಞರು ಮೊದಲು ಮಾಡಿದ್ದು ತೊಳೆಯುವುದಲ್ಲ, ನೋಡುವುದು. ಸೂಜಿ ಕೂತ ಕಡ್ಡಿ ಎದುರಿನಿಂದ ನೇರವಾಗಿದೆಯೇ, ಕಡ್ಡಿಯನ್ನು ಹಿಡಿದ ರಬ್ಬರು ಗಟ್ಟಿಯಾಗಿದೆಯೇ ಅಥವಾ ಕುಸಿದಿದೆಯೇ, ಹಿಂದಿನ ಕೆಂಪು, ಬಿಳಿ, ಹಸಿರು, ನೀಲಿ ವೈರುಗಳ ನಾಲ್ಕು ಪಿನ್ನುಗಳಿಗೆ ಕಿಲುಬು ಹಿಡಿದಿದೆಯೇ. ಆಮೇಲೆ ಮೈಕ್ರೋಸ್ಕೋಪು. ವಜ್ರದ ಸುತ್ತ ದೂಳು, ಬೂಷ್ಟು ಸೇರಿ ಅಂಟಿನಂತೆ ಗಟ್ಟಿಯಾಗಿತ್ತು. ಸಣ್ಣ ಬ್ರಷ್ಷಿನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಒರೆಸಿದರು. ಅಡ್ಡಕ್ಕೆ ಒರೆಸಿದರೆ ಕಡ್ಡಿ ಮುರಿಯುತ್ತದೆ. ಹೋಗದೆ ಉಳಿದದ್ದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬ್ರಷ್ಷಿನ ತುದಿ ಅದ್ದಿ ವಜ್ರಕ್ಕಷ್ಟೇ ಮುಟ್ಟಿಸಿದರು. ಅದು ಮೇಲಕ್ಕೆ ಹರಿದು ಹೋದರೆ ವಜ್ರ ಅಂಟಿಸಿದ ಗೋಂದಿಗೂ ರಬ್ಬರಿಗೂ ಅಪಾಯ.

ಕೊಳೆ ಹೋದ ಮೇಲೆ ಅಸಲು ವಿಷಯ ಕಂಡಿತು. ತುದಿಯ ಎರಡೂ ಬದಿ ಚಪ್ಪಟೆ. ತೊಳೆದದ್ದರಿಂದ ಸದ್ದು ಸ್ವಲ್ಪ ತಿಳಿಯಾಗಬಹುದು, ಆದರೆ ಈ ಸೂಜಿಯನ್ನು ಇನ್ನು ಒಂದು ತಟ್ಟೆಗೂ ಮುಟ್ಟಿಸಬೇಡಿ ಎಂದರು. ಕಾರ್ಟ್ರಿಜ್ಜಿನ ಒಡಲು ಗಟ್ಟಿಯಾಗಿಯೇ ಇತ್ತು. ಮ್ಯಾಗ್ನೆಟಿಕ್ ಕಾರ್ಟ್ರಿಜ್ಜಿನಲ್ಲಿ ಸೂಜಿಯ ಭಾಗವನ್ನಷ್ಟೇ ಎಳೆದು ಬದಲಿಸಬಹುದು. ಅಮೆರಿಕದ ಶೂರ್ ಕಂಪನಿ 2018ರಲ್ಲಿ ಕಾರ್ಟ್ರಿಜ್ ತಯಾರಿಕೆ ನಿಲ್ಲಿಸಿದರೂ ಹಳೆಯ ಮಾದರಿಗಳಿಗೆ ಹೊಂದುವ ಸೂಜಿಯನ್ನು ಜಪಾನಿನ ಜೈಕೋದಂಥ ಕಂಪನಿಗಳು ಈಗಲೂ ಮಾಡುತ್ತಿವೆ. ಹೊಸ ಸೂಜಿ ಬಂತು. ಹೆಚ್ಚು ಕೇಳಿರದ ತಟ್ಟೆಗಳು ಚೆನ್ನಾಗಿ ಹಾಡಿದವು. ಮನೆಯವರಿಗೆ ತುಂಬ ಇಷ್ಟವಾಗಿ, ಎರಡು ವರ್ಷದಿಂದ ಮತ್ತೆ ಮತ್ತೆ ಹಾಕಿದ್ದ ನಾಲ್ಕು ತಟ್ಟೆಗಳಲ್ಲಿ ಮಾತ್ರ 'ಸ' ಹಾಗೇ ಸೀಳಿತು. ಆ ಗೆರೆಗಳು ಮತ್ತೆ ಮೂಡುವುದಿಲ್ಲ.

ಅಟ್ಟದಿಂದ ಇಳಿಸುವ ಮುನ್ನ

ಸಿನಿಮಾ ಹಾಡಾದರೆ ಇನ್ನೆಲ್ಲೋ ಸಿಗುತ್ತದೆ. ಆದರೆ ನಾಟಕ ಕಂಪನಿಯವರ ಹಾಡು, ಮರೆತುಹೋದ ಗಾಯಕಿಯ ದೇವರನಾಮ ಇಂಥವು ಎಷ್ಟು ಕಡೆ ಉಳಿದಿವೆಯೋ. ನಿಮ್ಮ ಅಟ್ಟದ ಪ್ರತಿಯೇ ಉಳಿದ ಕೆಲವೇ ಪ್ರತಿಗಳಲ್ಲಿ ಒಂದಾಗಿರಬಹುದು. ಆದ್ದರಿಂದ ಇಷ್ಟು ನೆನಪಿಡಿ.

ಪ್ಲೇಯರು ತಿರುಗಿತೆಂದು ತಕ್ಷಣ ತಟ್ಟೆ ಹಾಕಬೇಡಿ. ಕಾರ್ಟ್ರಿಜ್ ಕಳಚಿ, ಸೂಜಿಗೆ ಮುಚ್ಚಳ ಹಾಕಿ, ಗೊತ್ತಿದ್ದವರಿಗೆ ಮೊದಲು ತೋರಿಸಿ. ಕಳಚಲು ಬಾರದಿದ್ದರೆ ತೋಳನ್ನು ಕಟ್ಟಿ ಇಡೀ ಪ್ಲೇಯರನ್ನೇ ಒಯ್ಯಿರಿ.

78ರ ತಟ್ಟೆಗೂ ಎಲ್‌ಪಿಗೂ ಒಂದೇ ಸೂಜಿ ಸಲ್ಲದು. 78ರ ಗೆರೆಗೆ ಸುಮಾರು ನಾಲ್ಕು ಪಟ್ಟು ದಪ್ಪ ತುದಿ ಬೇಕು. ಹಳೆಯ ಪ್ಲೇಯರುಗಳ ಹೆಡ್ಡಿನಲ್ಲಿ ಎರಡೂ ಸೂಜಿ ಇದ್ದು, ಪುಟ್ಟ ಕಡ್ಡಿ ತಿರುಗಿಸಿ ಬದಲಿಸುವ ಏರ್ಪಾಡಿರುತ್ತದೆ. ಯಾವುದು ಕೆಳಗಿದೆ ಎಂದು ನೋಡಿಕೊಳ್ಳಿ.

ಸೂಜಿಗೆ ಬಳಸುವ ಸ್ಪಿರಿಟ್ಟನ್ನು ಅರಗಿನ ತಟ್ಟೆಗೆ ತಪ್ಪಿಯೂ ಸೋಕಿಸಬೇಡಿ. ಬೀಟೆ ಮರದ ಮೇಜಿಗೆ ಪಾಲಿಷ್ ಹೊಡೆಯುವವರು ಅರಗನ್ನು ಕರಗಿಸುವುದು ಸ್ಪಿರಿಟ್ಟಿನಲ್ಲೇ. ತಟ್ಟೆಗೂ ಅದೇ ಗತಿಯಾಗುತ್ತದೆ.

ಮತ್ತೆ, ತೋರಿಸುವುದಿದ್ದರೆ ಮಳೆ ಹಿಡಿಯುವ ಮೊದಲೇ ತೋರಿಸಿ. ಮಳೆಗಾಲದ ನಾಲ್ಕು ತಿಂಗಳು ಮನೆಯೊಳಗೆ ಕೂತು ಹಾಡು ಕೇಳುವುದು ನಮ್ಮ ಕಡೆಯ ಹಳೆಯ ಅಭ್ಯಾಸ. ಸೂಜಿ ಸವೆದಿದ್ದರೆ ಅತಿ ಹೆಚ್ಚು ತಟ್ಟೆಗಳು ಹಾಳಾಗುವುದೂ ಆ ನಾಲ್ಕು ತಿಂಗಳಲ್ಲೇ.