20 ಮೀಟರ್ ತಂತಿ, 1 ಮೀಟರ್ ಬಳೆ: ಸಣ್ಣ ಆಂಟೆನಾದ ಕಥೆ

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ಎಫ್‌ಎಂ ಇರೋ ಫೋನ್‌ನಲ್ಲಿ ರೇಡಿಯೋ ಆ್ಯಪ್ ತೆರೆದರೆ ಅದು ಮೊದಲು "ಇಯರ್‌ಫೋನ್ ಜೋಡಿಸಿ" ಅನ್ನುತ್ತೆ. ಸ್ಪೀಕರ್‌ನಲ್ಲೇ ಕೇಳ್ತೀನಪ್ಪಾ ಅಂದ್ರೂ ಬಿಡಲ್ಲ. ಯಾಕೆ?

ಯಾಕಂದ್ರೆ ಆ ವೈರೇ ಆಂಟೆನಾ. ಎಫ್‌ಎಂ ಓಡೋದು 100 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಆ ತರಂಗದ ಉದ್ದ 3 ಮೀಟರ್, ಅದರ ಕಾಲು ಭಾಗ 75 ಸೆಂಟಿಮೀಟರ್. ಇಯರ್‌ಫೋನ್ ವೈರ್ ಹೆಚ್ಚುಕಮ್ಮಿ ಅಷ್ಟೇ ಉದ್ದ ಇರುತ್ತೆ. ದರ್ಜಿ ಮೈ ಅಳತೆ ನೋಡಿ ಅಂಗಿ ಹೊಲಿತಾನಲ್ಲ, ಹಾಗೇ ಆಂಟೆನಾ ಕಟ್ಟೋರು ತರಂಗದ ಅಳತೆ ನೋಡ್ತಾರೆ. ಇವತ್ತಿನ ಕಥೆ ಈ ಅಳತೆಯ ಜೊತೆ ಜಗಳಕ್ಕೆ ಬಿದ್ದವರದು. ದೊಡ್ಡ ಆಂಟೆನಾ ಕಟ್ಟೋಕೆ ಜಾಗವೇ ಇಲ್ಲದವರದು.

ನಾನು ಬೆಟಗೇರಿಯವನು. ನೇಕಾರರ ಓಣಿ. ಮನೆಯ ಅಗಲ ಅಂದ್ರೆ ಒಂದು ಮಗ್ಗ, ಅದರ ಪಕ್ಕ ಒಬ್ಬರು ನಡೆಯೋಷ್ಟು ಜಾಗ. ಅಜ್ಜ ಹೇಳ್ತಿದ್ದರು: ವಾಲ್ವ್ ರೇಡಿಯೋ ಕಾಲದಲ್ಲಿ ಏರಿಯಲ್ ಅಂದ್ರೆ ತಾಮ್ರದ ಜಾಲರಿ ಪಟ್ಟಿ. ಮಾಳಿಗೆ ಮೇಲೆ ಎರಡು ಬಿದಿರಿನ ಗಳ ನಿಲ್ಲಿಸಿ, ಅವುಗಳ ನಡುವೆ ಅದನ್ನು ಎಳೆದು ಕಟ್ಟಬೇಕಿತ್ತು. ರೇಡಿಯೋ ಕೇಳೋಕೂ ಆಗ ಪೋಸ್ಟ್ ಆಫೀಸ್‌ನಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು. ಏರಿಯಲ್ ಇರೋ ಮನೆ ಅಂದ್ರೆ ಓಣಿಗೇ ಗೊತ್ತಿರೋ ಮನೆ. ಉಳಿದವರು ಅವರ ಕಟ್ಟೆ ಮೇಲೆ ಕೂತು ಕೇಳ್ತಿದ್ದರು.

ಆಮೇಲೆ ಟ್ರಾನ್ಸಿಸ್ಟರ್ ಬಂತು. ಅಮೆರಿಕದಲ್ಲಿ ಮೊದಲ ಪಾಕೆಟ್ ಟ್ರಾನ್ಸಿಸ್ಟರ್ ರೇಡಿಯೋ, ರೀಜೆನ್ಸಿ ಟಿಆರ್-1, ಮಾರಾಟಕ್ಕೆ ಬಂದಿದ್ದು 1954ರಲ್ಲಿ. ನಮ್ಮ ಓಣಿಗೆ ಟ್ರಾನ್ಸಿಸ್ಟರ್ ಬರೋಕೆ ಇನ್ನೂ ಎಷ್ಟೋ ವರ್ಷ ಬೇಕಾಯ್ತು. ಬಂದಾಗ ಎಲ್ಲರದೂ ಒಂದೇ ಪ್ರಶ್ನೆ: "ಏರಿಯಲ್ ಎಲ್ಲೈತ್ರೀ ಇದಕ್ಕ?"

ಏರಿಯಲ್ ಡಬ್ಬಿಯ ಒಳಗಿತ್ತು. ಫೆರೈಟ್ ಅನ್ನೋ ಕಪ್ಪು ಕಡ್ಡಿ, ಅದರ ಮೇಲೆ ಸುತ್ತಿದ ಸಣ್ಣ ತಾಮ್ರದ ತಂತಿ. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿಯನ್ನ ನಮ್ಮ ಮನೆಯಲ್ಲಿ ಕೇಳ್ತಿದ್ದದ್ದು 765 ಕಿಲೋಹರ್ಟ್ಸ್‌ನಲ್ಲಿ. ಆ ತರಂಗದ ಉದ್ದ ಸುಮಾರು 392 ಮೀಟರ್. ಅದರ ಕಾಲು ಭಾಗ ಅಂದ್ರೂ 98 ಮೀಟರ್, ನಮ್ಮ ಓಣಿಗಿಂತ ಉದ್ದ. ಅದನ್ನ ಹಿಡಿತಿದ್ದದ್ದು ಒಂದು ಗೇಣೂ ಇಲ್ಲದ ಕಡ್ಡಿ!

"ತಮ್ಮಾ, ರೇಡಿಯೋ ಸ್ವಲ್ಪ ಹೊಳ್ಳಸು, ಧಾರವಾಡ ಸರಿ ಬರವಲ್ದು" ಅಂತ ಅಜ್ಜ ಮಗ್ಗದ ಮೇಲಿಂದಲೇ ಹೇಳ್ತಿದ್ದರು. ಹೊಳ್ಳಿಸಿದ್ರೆ ಬರ್ತಿತ್ತು. ನಾನು ಅದನ್ನ ಅಜ್ಜನ ಜಾದೂ ಅಂದುಕೊಂಡಿದ್ದೆ. ಕಾರಣ ಸರಳ. ಫೆರೈಟ್ ಕಡ್ಡಿಯ ತುದಿ ಸ್ಟೇಷನ್ ಕಡೆ ತಿರುಗಿದ್ರೆ ಧ್ವನಿ ಇಳಿಯುತ್ತೆ, ಕಡ್ಡಿ ಅಡ್ಡ ನಿಂತರೆ ಏರುತ್ತೆ. ಅಂದ್ರೆ ರೇಡಿಯೋದ ಮುಖ ಪಶ್ಚಿಮದ ಧಾರವಾಡಕ್ಕೆ ಇರಬೇಕು.

ಇಲ್ಲಿ ಒಂದು ಗುಟ್ಟಿದೆ. ಸಣ್ಣ ಆಂಟೆನಾ ಕೇಳೋಕೆ ಸಾಕಾಗುತ್ತೆ, ಹೇಳೋಕೆ ಅಷ್ಟು ಸುಲಭಕ್ಕೆ ಸಾಕಾಗಲ್ಲ. ಕೆಳಗಿನ ಬ್ಯಾಂಡ್‌ಗಳಲ್ಲಿ ಆಕಾಶದಲ್ಲೇ ಸಿಡಿಲು, ಮಿಂಚಿನ ಗದ್ದಲ ತುಂಬಿರುತ್ತೆ. ಸಣ್ಣ ಆಂಟೆನಾ ಸ್ಟೇಷನ್ನನ್ನೂ ಕಮ್ಮಿ ಹಿಡಿಯುತ್ತೆ, ಗದ್ದಲವನ್ನೂ ಅಷ್ಟೇ ಕಮ್ಮಿ ಹಿಡಿಯುತ್ತೆ. ಎರಡನ್ನೂ ಸೇರಿಸಿ ದೊಡ್ಡದು ಮಾಡಿದ್ರೆ ಮಾತು ಅರ್ಥ ಆಗುತ್ತೆ. ಆದ್ರೆ ನೀವೇ ಮಾತಾಡುವಾಗ, ಆಂಟೆನಾದಲ್ಲಿ ಬಿಸಿಯಾಗಿ ಹೋದ ವಿದ್ಯುತ್ ಹೋಯಿತು ಅಂತಲೇ ಲೆಕ್ಕ. ಹಾಗಾಗಿ ಕೇಳೋ ಹಕ್ಕು ಬೇಗ ಮನೆಮನೆಗೆ ಬಂತು. ಹೇಳೋ ಶಕ್ತಿ ಮಾತ್ರ ಬಹಳ ಕಾಲ ಜಾಗ, ಕಂಬ, ಪರವಾನಗಿ ಇದ್ದವರ ಬಳಿಯೇ ಉಳಿಯಿತು.

ಈ ಗೋಡೆಯನ್ನ ನಮ್ಮ ನಾಡಲ್ಲಿ ಮೊದಲು ತಟ್ಟಿದವರಲ್ಲಿ ಒಬ್ಬರು ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಿಂದಲೇ, 30 ವ್ಯಾಟ್‌ನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರು ಮಾಡಿದರು. ಅದಕ್ಕಿಟ್ಟ ಹೆಸರು ಆಕಾಶವಾಣಿ. 30 ವ್ಯಾಟ್ ಅಂದ್ರೆ ಹಳೇ ಕಾಲದ ಒಂದು ಸಣ್ಣ ಬಲ್ಬಿನಷ್ಟು. ಆ ಹೆಸರನ್ನೇ ಮುಂದೆ ಇಡೀ ದೇಶದ ರೇಡಿಯೋ ತಗೊಂಡಿತು.

1939ರಲ್ಲಿ ಎರಡನೇ ಮಹಾಯುದ್ಧ ಬಂತು. ಬ್ರಿಟಿಷ್ ಸರ್ಕಾರ ಹವ್ಯಾಸಿಗಳ ಪರವಾನಗಿ ರದ್ದು ಮಾಡಿತು. 1942ರ ಆಗಸ್ಟ್‌ನಿಂದ ನವೆಂಬರ್ ತನಕ ಮುಂಬೈಯಲ್ಲಿ 22 ವರ್ಷದ ಉಷಾ ಮೆಹ್ತಾ ಮತ್ತು ಗೆಳೆಯರು ಗುಪ್ತವಾಗಿ ಕಾಂಗ್ರೆಸ್ ರೇಡಿಯೋ ನಡೆಸಿದರು. ಪೊಲೀಸರ ಪತ್ತೆ ವಾಹನಗಳು ಬೆನ್ನು ಬಿದ್ದವು, ಇವರು ಜಾಗ ಬದಲಿಸ್ತಾ ಹೋದರು. ಸಿಗ್ನಲ್ ಯಾವ ದಿಕ್ಕಿಂದ ಬರ್ತಿದೆ ಅಂತ ಹುಡುಕೋ ಆ ಕಾಲದ ಸಾಧನಗಳಲ್ಲಿ ಮುಖ್ಯವಾದದ್ದು ಸಣ್ಣ ಬಳೆ ಆಂಟೆನಾ. ಅಜ್ಜ ರೇಡಿಯೋ ಹೊಳ್ಳಿಸಿ ಧಾರವಾಡ ಹುಡುಕಿದ ಹಾಗೆ, ಬಳೆ ಹೊಳ್ಳಿಸಿ ಸ್ಟೇಷನ್ ಹುಡುಕೋದು. ಉಷಾ ಮೆಹ್ತಾ ಕೊನೆಗೆ ಸಿಕ್ಕಿಬಿದ್ದದ್ದು ಒಳಗಿನವರೇ ಕೊಟ್ಟ ಸುಳಿವಿನಿಂದ.

ಸಣ್ಣ ಆಂಟೆನಾ ಎಷ್ಟು ಸಣ್ಣದಾಗಬಹುದು? ಇದಕ್ಕೆ ಗಣಿತದ ಉತ್ತರ ಬಂದಿದ್ದು ಯುದ್ಧ ಮುಗಿದ ಮೇಲೆ. 1947ರಲ್ಲಿ ಹೆರಾಲ್ಡ್ ವೀಲರ್, 1948ರಲ್ಲಿ ಎಲ್.ಜೆ. ಚು ಇದರ ಮಿತಿ ತೋರಿಸಿದರು. ಸಾರಾಂಶ ಇಷ್ಟು: ಚಿಕ್ಕ ಗಾತ್ರ, ಕಮ್ಮಿ ನಷ್ಟ, ಅಗಲ ಬ್ಯಾಂಡ್. ಈ ಮೂರೂ ಒಟ್ಟಿಗೆ ಸಿಗಲ್ಲ, ಒಂದನ್ನ ಬಿಟ್ಟುಕೊಡಲೇಬೇಕು. "ನಮ್ಮ ಪುಟ್ಟ ಆಂಟೆನಾ ದೊಡ್ಡದಕ್ಕಿಂತ ಜೋರು" ಅಂತ ಯಾರಾದ್ರೂ ಮಾರೋಕೆ ಬಂದ್ರೆ ಇದನ್ನ ನೆನಪಿಡಿ.

ಈಗ ನನ್ನದೇ ಲೆಕ್ಕ ಹೇಳ್ತೀನಿ. ನಾನು ಹ್ಯಾಮ್, ಅಂದ್ರೆ ಪರವಾನಗಿ ಪಡೆದ ಹವ್ಯಾಸಿ ರೇಡಿಯೋದವನು. ಹ್ಯಾಮ್‌ಗಳು ಹೆಚ್ಚು ಬಳಸೋ 7 ಮೆಗಾಹರ್ಟ್ಸ್‌ಗೆ ಸರಿಯಾದ ತಂತಿ ಆಂಟೆನಾ 20 ಮೀಟರ್ ಉದ್ದ. ನಾನಿದ್ದದ್ದು ಗದಗಿನ ಒಂದು ಬಾಡಿಗೆ ಮನೆ. ಮಾಳಿಗೆ ಮೇಲೆ ಕಂಬ ಬೇಡ ಅಂತ ಮನೆ ಮಾಲೀಕರು ಖಡಾಖಂಡಿತವಾಗಿ ಹೇಳಿದ್ರು. ಹಾಗಾಗಿ ತಾಮ್ರದ ಪೈಪ್ ಬಗ್ಗಿಸಿ 1 ಮೀಟರ್ ಅಗಲದ ಬಳೆ ಮಾಡಿಕೊಂಡೆ. ಬಾಯಿ ಕೂಡೋ ಕಡೆ ತಿರುಗಿಸೋ ಕೆಪಾಸಿಟರ್. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸೋ ಸ್ಟ್ಯಾಂಡ್ ಪಕ್ಕ ನಿಲ್ಲಿಸಿದೆ.

ಏನು ಸಿಕ್ತು, ಏನು ಹೋಯ್ತು? ಹತ್ತು ವ್ಯಾಟ್ ಕೊಟ್ಟರೆ ಹೊರಗೆ ಹೋಗೋದು ಹೆಚ್ಚೂಕಮ್ಮಿ ಒಂದು ವ್ಯಾಟ್. ಉಳಿದದ್ದು ಪೈಪನ್ನ ಬಿಸಿ ಮಾಡುತ್ತೆ ಅಷ್ಟೆ. ಹತ್ತು ಕಿಲೋಹರ್ಟ್ಸ್ ಆಚೆ ಸರಿದರೂ ಮತ್ತೆ ಕೆಪಾಸಿಟರ್ ತಿರುಗಿಸಬೇಕು. ಆ ಹತ್ತು ವ್ಯಾಟ್‌ಗೇ ಕೆಪಾಸಿಟರ್ ಮೇಲೆ ಸಾವಿರ ವೋಲ್ಟ್ ಹತ್ತಿರ ಏಳುತ್ತೆ, ಮಾತಾಡುವಾಗ ಮುಟ್ಟಬಾರದು, ಮಕ್ಕಳನ್ನ ಹತ್ತಿರ ಬಿಡಬಾರದು. ಬಳೆಯ ಅಗಲ ಅರ್ಧ ಮಾಡಿದ್ರೆ ನಷ್ಟ ಅರ್ಧದ ಮಾತಲ್ಲ: ತರಂಗವಾಗಿ ಹೊರಡೋ ಶಕ್ತಿಯನ್ನ ಅಳೆಯೋ ವಿಕಿರಣ ರೋಧ ಹದಿನಾರರಲ್ಲಿ ಒಂದು ಪಾಲಿಗೆ ಬೀಳುತ್ತೆ.

ಆದ್ರೂ ಒಂದು ಬೆಳಿಗ್ಗೆ ಬೆಂಗಳೂರಿನ ಒಬ್ಬ ಹಿರಿಯ ಹ್ಯಾಮ್ ಉತ್ತರ ಕೊಟ್ಟರು. "ನಿಮ್ಮ ಧ್ವನಿ ಗದ್ದಲಕ್ಕಿಂತ ಸ್ವಲ್ಪ ಮೇಲಿದೆ ಅಷ್ಟೆ, ಊರಿನ ಹೆಸರು ಇನ್ನೊಮ್ಮೆ ಹೇಳಿ" ಅಂದ್ರು. ಮೂರು ಸಲ ಹೇಳಿದೆ. ಗದಗ, ಗದಗ, ಗದಗ.

ಮುಂದಿನ ವಾರ ಲಕ್ಷ್ಮೇಶ್ವರದ ಹತ್ತಿರ ಸೋದರಮಾವನ ಹೊಲಕ್ಕೆ ಹೋದೆ. ಎರಡು ಬೇವಿನ ಮರದ ನಡುವೆ 20 ಮೀಟರ್ ತಂತಿ ಕಟ್ಟಿದೆ. ಅದೇ ರೇಡಿಯೋ, ಅದೇ ಹತ್ತು ವ್ಯಾಟ್. ಈ ಸಲ ಯಾರೂ ಊರಿನ ಹೆಸರು ಎರಡನೇ ಸಲ ಕೇಳಲಿಲ್ಲ. "ಹೊಲಾ ಇದ್ದವರಿಗೆ ಇದರಾಗೂ ಲಾಭ ಐತಿ ನೋಡು" ಅಂತ ಮಾವ ನಕ್ಕರು. ನಗೆಯ ಮಾತಾದ್ರೂ ನಿಜ ಅದೇ. ಸಣ್ಣ ಆಂಟೆನಾ ದೊಡ್ಡದನ್ನ ಸೋಲಿಸಲ್ಲ. ಹೊಲ ಇಲ್ಲದವನಿಗೆ, ಬಾಡಿಗೆ ಮನೆಯವನಿಗೆ, ಹಾಸ್ಟೆಲ್ ಹುಡುಗಿಗೆ ಮಾತಾಡೋಕೆ ಒಂದು ಜಾಗ ಕೊಡುತ್ತೆ. ಅದರ ಗುಣ ಇರೋದು ಅಲ್ಲಿ.

ಇದು ಬರೀ ಹವ್ಯಾಸದ ಮಾತಾಗಿದ್ರೆ ನಿಮ್ಮ ಸಮಯ ತಗೋತಿರಲಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ನಮ್ಮ ಜಿಲ್ಲೆಯ ಕೊಣ್ಣೂರಿಗೆ ನೀರು ನುಗ್ಗಿತು. ನಮ್ಮ ಅತ್ತೆಯ ಮನೆ ಅಲ್ಲೇ. ಒಂದು ರಾತ್ರಿ, ಮರುದಿನ ಮಧ್ಯಾಹ್ನದ ತನಕ, ಅವರ ಫೋನ್ ಹತ್ತಲಿಲ್ಲ. ಆಮೇಲೆ ಗೊತ್ತಾಯ್ತು, ಎಲ್ಲರೂ ಎತ್ತರದ ಜಾಗಕ್ಕೆ ಹೋಗಿದ್ರು, ಚಾರ್ಜ್ ಇರಲಿಲ್ಲ, ಕರೆಂಟ್ ಇರಲಿಲ್ಲ. ಆ ರಾತ್ರಿ ಅಪ್ಪ ಫೋನ್ ಕೈಯಲ್ಲೇ ಹಿಡಿದು ಕೂತಿದ್ದರು. ನಾನು ಹ್ಯಾಮ್ ಪರೀಕ್ಷೆಗೆ ಓದೋಕೆ ಶುರು ಮಾಡಿದ್ದು ಅದಾದ ಮೇಲೆ.

ಹೊಳೆ ಬರೋದು ಉತ್ತರದಲ್ಲಷ್ಟೇ ಅಲ್ಲ. ದಕ್ಷಿಣಕ್ಕೆ ತುಂಗಭದ್ರೆ ಇದ್ದಾಳೆ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಅಂಚಿಗೆ. ನಡುವೆ ಕಪ್ಪತಗುಡ್ಡ ಮಲಗಿದೆ, ಗದಗಿನ ಬಿಂಕದಕಟ್ಟಿ ಕಡೆಯಿಂದ ಸಿಂಗಟಾಲೂರಿನ ತನಕ. ಶಿರಹಟ್ಟಿ, ಲಕ್ಷ್ಮೇಶ್ವರ ಗುಡ್ಡದ ಈಚೆ, ಮುಂಡರಗಿ ಆಚೆ. ಕೈಯಲ್ಲಿ ಹಿಡಿಯೋ ವಾಕಿಟಾಕಿಯ 145 ಮೆಗಾಹರ್ಟ್ಸ್ ತರಂಗ ನೇರ ದಾರಿಯದು, ಗುಡ್ಡ ಅಡ್ಡ ಬಂದ್ರೆ ನಿಲ್ಲುತ್ತೆ. ಗುಡ್ಡದ ಮೇಲೆ ಮರುಪ್ರಸಾರ ಕೇಂದ್ರ ಇದ್ದರೆ ಮಾತು ಬೇರೆ.

ಆದ್ರೆ 7 ಮೆಗಾಹರ್ಟ್ಸ್ ತರಂಗವನ್ನ ನೆಟ್ಟಗೆ ಮೇಲಕ್ಕೆ ಬಿಟ್ಟರೆ, ಹಗಲು ಹೊತ್ತಲ್ಲಿ ಪರಿಸ್ಥಿತಿ ಚೆನ್ನಾಗಿದ್ದಾಗ, ನೂರಾರು ಕಿಲೋಮೀಟರ್ ಮೇಲಿನ ಅಯಾನುಗೋಳ ಅದನ್ನ ವಾಪಸ್ ಕಳಿಸುತ್ತೆ. ಕಾರಂಜಿ ನೀರಿನ ಹಾಗೆ ಸುತ್ತಲೂ ಬೀಳುತ್ತೆ, ಗುಡ್ಡ ಲೆಕ್ಕಕ್ಕೇ ಬರಲ್ಲ. 1967ರಲ್ಲಿ ಅಮೆರಿಕದ ಸೈನ್ಯ ವಿಯೆಟ್ನಾಂ ಕಾಡಿಗಾಗಿ ಎಂಟು ಮೂಲೆಯ ಬಳೆ ಆಂಟೆನಾ ಮಾಡಿದ್ದು ಇದೇ ಕಾರಣಕ್ಕೆ. ದಟ್ಟ ಕಾಡು ನೇರ ತರಂಗವನ್ನ ನುಂಗುತ್ತಿತ್ತು, ಉದ್ದ ತಂತಿ ಕಟ್ಟೋಕೆ ಪುರುಸೊತ್ತಿರಲಿಲ್ಲ. ಸೈನ್ಯದ ಆ ಬಳೆಯನ್ನ ಹ್ಯಾಮ್‌ಗಳು ಎತ್ತಿಕೊಂಡು ಮನೆಗೆ ತಂದರು. ನನ್ನ ಬಾಲ್ಕನಿಯದು ಅದೇ ವಂಶದ್ದು.

ನಮ್ಮ ದೇಶದಲ್ಲಿ ಹ್ಯಾಮ್‌ಗಳು ಇಂಥ ಹೊತ್ತಲ್ಲಿ ಕೆಲಸಕ್ಕೆ ಬಂದ ಉದಾಹರಣೆ ಬೇಕಾದಷ್ಟಿವೆ. 2001ರ ಭುಜ್ ಭೂಕಂಪದಲ್ಲಿ ಸಂದೇಶ ಸಾಗಿಸಿದರು. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರ್‌ನಲ್ಲೇ ಇತ್ತು. ಹವ್ಯಾಸಕ್ಕೆ ಅಂತ ಹೊತ್ತೊಯ್ದ ರೇಡಿಯೋಗಳೇ ಅಂಡಮಾನ್‌ನಿಂದ ಹೊರಗೆ ಸುದ್ದಿ ಮುಟ್ಟಿಸಿದವು.

ಕರ್ನಾಟಕದ ಹೆಮ್ಮೆಯ ಒಂದು ಮಾತೂ ಇದೆ. ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಹ್ಯಾಮ್‌ಗಳಿಗಾಗಿಯೇ ಒಂದು ಉಪಗ್ರಹ ತಯಾರಾಯ್ತು: ಹ್ಯಾಮ್‌ಸ್ಯಾಟ್. ತೂಕ 42.5 ಕಿಲೋ. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಮೇಲೇರಿತು, 2014ರ ತನಕ ಕೆಲಸ ಮಾಡಿತು. ಅದಕ್ಕೆ ಸಿಗ್ನಲ್ ಕಳಿಸೋದು 435 ಮೆಗಾಹರ್ಟ್ಸ್‌ನಲ್ಲಿ, ಅಲ್ಲಿ ಕಾಲು ತರಂಗ ಅಂದ್ರೆ ಬರೀ 17 ಸೆಂಟಿಮೀಟರ್. ಬಡಗಿಯ ಸ್ಟೀಲ್ ಟೇಪನ್ನ ಕತ್ತರಿಸಿ ಪಿವಿಸಿ ಪೈಪಿಗೆ ಕಟ್ಟಿದ್ರೂ ಇಂಥ ಬ್ಯಾಂಡ್‌ಗೆ ಒಳ್ಳೆ ಆಂಟೆನಾ ಆಗುತ್ತೆ. ಇಲ್ಲಿ ನಷ್ಟದ ಮಾತೇ ಇಲ್ಲ, ಯಾಕಂದ್ರೆ ತರಂಗವೇ ಸಣ್ಣದು. ನಿಮ್ಮ ಫೋನ್ ಒಳಗಿನ ಆಂಟೆನಾ ಕಣ್ಣಿಗೆ ಕಾಣದಿರೋದಕ್ಕೂ ಮುಖ್ಯ ಕಾರಣ ಇದೇ.

ಆದ್ರೆ ಫೋನಿಗೆ ಹತ್ತಿರದಲ್ಲಿ ಟವರ್ ಬೇಕು, ಟವರ್‌ಗೆ ಕರೆಂಟ್ ಬೇಕು. ಬಳೆಗೆ ಒಂದು ಬ್ಯಾಟರಿ ಸಾಕು. ಮುಂಡರಗಿಯ ಹೊಳೆದಂಡೆಯ ಊರಲ್ಲಿ ಒಬ್ಬರು, ಶಿರಹಟ್ಟಿಯಲ್ಲಿ ಒಬ್ಬರು, ಲಕ್ಷ್ಮೇಶ್ವರದಲ್ಲಿ ಒಬ್ಬರು, ಗದಗ-ಬೆಟಗೇರಿಯಲ್ಲಿ ಇಬ್ಬರು. ಮಳೆಗಾಲದಲ್ಲಿ ದಿನಕ್ಕೊಮ್ಮೆ ಹತ್ತು ನಿಮಿಷ ಮಾತಾಡೋ ರೂಢಿ ಇಟ್ಟುಕೊಂಡ್ರೆ ಸಾಕು. ಹೊಳೆ ಬಂದ ದಿನ ಮೊದಲ ಸಲ ಕಲಿಯೋಕೆ ಆಗಲ್ಲ.

ಪರವಾನಗಿ ಇಲ್ಲದೆ ಮಾತಾಡೋದು ಅಪರಾಧ, ಅದು ನೆನಪಿರಲಿ. 12 ವರ್ಷ ತುಂಬಿದ್ರೆ ಪರೀಕ್ಷೆ ಬರೀಬಹುದು. ರೇಡಿಯೋದ ಮೂಲ ಪಾಠ ಮತ್ತು ನಿಯಮಗಳು ಗೊತ್ತಿರಬೇಕು. ಕೇಳೋದಕ್ಕೆ ಇವತ್ತೇ ಶುರು ಮಾಡಬಹುದು. ಮನೆಯ ಹಳೇ ಟ್ರಾನ್ಸಿಸ್ಟರ್ ಹುಡುಕಿ, ಸೆಲ್ ಹಾಕಿ, ಯಾವುದಾದ್ರೂ ಮೀಡಿಯಂ ವೇವ್ ಸ್ಟೇಷನ್ ಹಿಡಿದು ಮೆಲ್ಲಗೆ ಹೊಳ್ಳಿಸಿ ನೋಡಿ. ಧ್ವನಿ ಎಲ್ಲಿ ಇಳಿಯುತ್ತೆ, ಎಲ್ಲಿ ಏರುತ್ತೆ ಅಂತ ಗುರುತು ಮಾಡಿಕೊಳ್ಳಿ.

ಜೊತೆಗೆ ಮನೆಯ ಹಿರಿಯರನ್ನ ಒಂದು ಮಾತು ಕೇಳಿ: "ನಮ್ಮ ಮನ್ಯಾಗ ಏರಿಯಲ್ ಎಲ್ಲಿ ಕಟ್ಟಿದ್ರಿ?" ಅವರು ಹೇಳಿದ್ದನ್ನ ರೆಕಾರ್ಡ್ ಮಾಡಿ ನಮಗೆ ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಕೇಳಿಸ್ತೀನಿ. ಬರ್ಲಾ, ನಮಸ್ಕಾರ.