ಕೊನೊಪಾಟ್ಸ್ಕಾ ಬರೆದ ಕವಿತೆ

ಕವಿಯೆಂದರೆ ಮೈಯಲ್ಲಿ ಕಸುವಿಲ್ಲದವನು, ಗರಡಿಯಾಳೆಂದರೆ ತಲೆಯಲ್ಲಿ ಪದ್ಯವಿಲ್ಲದವನು ಎಂದು ನಂಬಿದವರು ನಮ್ಮಲ್ಲಿ ಬಹಳ. ನನ್ನ ತರಗತಿಯಲ್ಲಿಯೂ ಇದ್ದಾರೆ. ಅಧ್ಯಾಪಕರ ಕೊಠಡಿಯ ಮಾತಂತೂ ಬೇಡ. ಅಂಥವರಿಗೆ ನಾನು ಹಲೀನಾ ಕೊನೊಪಾಟ್ಸ್ಕಾ ಎಂಬ ಪೋಲೆಂಡಿನ ಹೆಣ್ಣುಮಗಳ ಕಥೆ ಹೇಳುವುದುಂಟು.

1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನಲ್ಲಿ ಓಟ, ನೆಗೆತ, ಎಸೆತಗಳ ಬಯಲು ಹೆಂಗಸರಿಗೆ ಮೊದಲ ಸಲ ತೆರೆಯಿತು. ಅದೂ ಐದೇ ಸ್ಪರ್ಧೆಗಳಿಗೆ. ಜುಲೈ 31ರಂದು ಈಕೆ ಡಿಸ್ಕಸ್ ಎಂಬ ಚಕ್ರವನ್ನು 39.62 ಮೀಟರು ದೂರಕ್ಕೆ ಎಸೆದಳು. ಅದು ಲೋಕದಾಖಲೆಯಾಯಿತು; ಪೋಲೆಂಡಿಗೆ ಒಲಿಂಪಿಕ್ಸಿನ ಮೊತ್ತಮೊದಲ ಚಿನ್ನವೂ ಆಯಿತು. ದೇಶ ಸ್ವತಂತ್ರವಾಗಿ ಆಗಿನ್ನೂ ಹತ್ತು ವರ್ಷ ತುಂಬಿರಲಿಲ್ಲ. ಜನ ಆಕೆಯನ್ನು ತಲೆಯ ಮೇಲೆ ಹೊತ್ತುದರಲ್ಲಿ ಆಶ್ಚರ್ಯವೇನು?

ಆ ಕಾಲದ ಒಲಿಂಪಿಕ್ಸಿನಲ್ಲಿ ಸಾಹಿತ್ಯಕ್ಕೂ ಪದಕವಿತ್ತೆಂಬುದನ್ನು ಇಂದು ಅನೇಕರು ಮರೆತಿದ್ದಾರೆ. ಅದೇ ಆಮ್‌ಸ್ಟರ್‌ಡಾಮಿನಲ್ಲಿ ಪೋಲೆಂಡಿನ ಕವಿ ಕಝಿಮಿಯೆಷ್ ವಿಯೆಝಿನ್ಸ್ಕಿಗೆ ‘ಒಲಿಂಪಿಕ್ ವಿಜಯಮಾಲೆ’ ಎಂಬ ಸಂಗ್ರಹಕ್ಕಾಗಿ ಚಿನ್ನ ಬಂತು. ಆಟಗಾರರನ್ನು ಕುರಿತು ಬರೆದವನು ಕವಿಯೆಂದು ಮಾನ್ಯನಾದನು, ಸರಿಯೆ. ಆದರೆ ಆಟಗಾರ್ತಿಯೇ ಕವಿತೆ ಬರೆಯುತ್ತಿದ್ದಳಲ್ಲ! ವಿಯೆಝಿನ್ಸ್ಕಿಯ ಗೆಳೆಯರ ಬಳಗದ ಪತ್ರಿಕೆ ‘ಸ್ಕಮಾಂಡರ್’ ಆಕೆಯ ಪದ್ಯಗಳನ್ನು ಅಚ್ಚುಹಾಕಿತು. 1929ರಲ್ಲಿ ಆಕೆಯ ಸಂಕಲನವೇ ಹೊರಬಂತು. ಹೆಸರು ‘ಒಂದಾನೊಂದು ದಿನ’ ಎಂಬರ್ಥದ್ದು. ಚಕ್ರವಿಲ್ಲ, ಪದಕವಿಲ್ಲ; ಗೆಲುವಿನ ಬಿಸಿ ಆರುವ ಮುನ್ನವೇ ಬಂದ ಪುಸ್ತಕಕ್ಕೆ ಇಷ್ಟು ಮೆಲುದನಿಯ ಹೆಸರು. ನನಗೆ ಆಕೆಯಲ್ಲಿ ಗೌರವ ಹುಟ್ಟಿದ್ದು ಇಲ್ಲಿ.

ಮುಂದೆ ಇನ್ನೊಂದು ಚಿನ್ನ ಅಡ್ಡ ಬಂತು. ಆಕೆಯ ಗಂಡ ಇಗ್ನಾಟ್ಸಿ ಮಾತುಷೆವ್ಸ್ಕಿ ಹಿಂದೆ ಹಣಕಾಸಿನ ಮಂತ್ರಿಯಾಗಿದ್ದವನು. 1939ರ ಸೆಪ್ಟೆಂಬರಿನಲ್ಲಿ ಜರ್ಮನರು ನುಗ್ಗಿದಾಗ, ಪೋಲೆಂಡಿನ ಬ್ಯಾಂಕಿನ ಸುಮಾರು 75 ಟನ್ ಬಂಗಾರವನ್ನು ರುಮೇನಿಯಾ, ತುರ್ಕಿಗಳ ಮಾರ್ಗವಾಗಿ ಫ್ರಾನ್ಸಿಗೆ ಸಾಗಿಸಿದವರಲ್ಲಿ ಅವನೊಬ್ಬ. ಆ ಪಯಣದಲ್ಲಿ ಬಂಗಾರ ತುಂಬಿದ ಬಸ್ಸಿನ ಚಕ್ರ ಹಿಡಿದವಳು ಕೊನೊಪಾಟ್ಸ್ಕಾ. ಇಂಥ ಸಾಹಸದ ಎದುರು ಒಂದು ತೆಳು ಕವನಸಂಕಲನವನ್ನು ಯಾರು ಕೇಳುತ್ತಾರೆ? ಆಕೆಯ ಚರಿತ್ರೆ ಬರೆಯುವವರು ಎಸೆತಕ್ಕೆ ಒಂದು ಪುಟ, ಬಂಗಾರಕ್ಕೆ ಎರಡು ಪುಟ ಕೊಟ್ಟು, ‘ಪದ್ಯವನ್ನೂ ಬರೆದಳು’ ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಆ ‘ಊ’ಕಾರವೇ ನನ್ನನ್ನು ಚುಚ್ಚುವುದು.

ಅಮೆರಿಕ ಸೇರಿದ ಮೇಲೆ, 1946ರಲ್ಲಿ ಗಂಡ ತೀರಿಕೊಂಡನು. ಆಕೆ ಅಲ್ಲಿಯೇ ಉಳಿದಳು, ಚಿತ್ರ ಬರೆದಳು. 1989ರಲ್ಲಿ ಫ್ಲಾರಿಡಾದಲ್ಲಿ ಕಾಲವಾದಳು. ಅನಂತರ ಚಿತಾಭಸ್ಮ ವಾರ್ಸಾಕ್ಕೆ ಮರಳಿತು.